ಲೈನ್ ನಿಲ್ಲಿಸದೆ ಲ್ಯಾಗಿಂಗ್ (ಪೈಪಿನ ಶಾಖ ತಡೆಯುವ ಹೊದಿಕೆ) ಒಳಗಿನ ತುಕ್ಕು ನೋಡುವುದು ಹೇಗೆ? (ಮಂಗಳೂರಿನ ಬೈಕಂಪಾಡಿ, 4 ಇಂಚಿನ ಬಿಸಿನೀರಿನ ಲೈನ್)

ಯುಟಿಲಿಟಿ_ಬೈಕಂಪಾಡಿ

ನಮಸ್ಕಾರ. 4 ಇಂಚು, ಶೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ), ಕಾರ್ಬನ್ ಸ್ಟೀಲ್ ಲೈನ್, 2013ರಲ್ಲಿ ಹಾಕಿದ್ದು. ಒಳಗೆ 95 ಡಿಗ್ರಿ ಬಿಸಿನೀರು, 6 ಬಾರ್ ಒತ್ತಡ, ಕ್ಲೋಸ್ಡ್ ಲೂಪ್ (ಅದೇ ನೀರು ಸುತ್ತುತ್ತಾ ಇರ್ತದೆ). ಪೈಪ್‌ರ್ಯಾಕ್ ಮೇಲೆ ಸುಮಾರು 280 ಮೀಟರ್ ಹೋಗ್ತದೆ. 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ಉಣ್ಣೆ), ಮೇಲೆ ಅಲ್ಯೂಮಿನಿಯಂ ಶೀಟು. ಈ ಮಳೆಗಾಲ ಮುಗಿಯುವಾಗ ಎರಡು ಎಲ್ಬೋಗಳ (ಪೈಪಿನ ತಿರುವುಗಳ) ಅಡಿಯಲ್ಲಿ ಕಂದು ಕಲೆ ಬಿದ್ದಿದೆ, ಒಂದು ಕಡೆ ಶೀಟಿನ ಜಾಯಿಂಟಿನಿಂದ ಹನಿಯುತ್ತಲೂ ಉಂಟು. ಅದು ಮಳೆನೀರೋ, ಪೈಪೇ ತೂತಾಗಿದೆಯೋ ಗೊತ್ತಾಗ್ತಿಲ್ಲ. ಶಟ್‌ಡೌನ್ ಸಿಗುವುದು ಏಪ್ರಿಲ್‌ನಲ್ಲಿ.

ಅದೇ ರ್ಯಾಕ್‌ನಲ್ಲಿ ಲ್ಯಾಗಿಂಗ್ ಇಲ್ಲದ 6 ಇಂಚಿನ ಕೂಲಿಂಗ್ ವಾಟರ್ ಲೈನ್ ಉಂಟು. ಸಪೋರ್ಟಿನ ಮೇಲೆ ಕೂತ ಜಾಗದಲ್ಲೆಲ್ಲ ತುಕ್ಕು ಪದರ ಪದರವಾಗಿ ಉಬ್ಬಿದೆ. ಕಂಟ್ರಾಕ್ಟರ್ "ಕೆರೆದು ಪೈಂಟ್ ಹೊಡೆದು ಕೊಡ್ತೇವೆ" ಅಂತಿದ್ದಾರೆ. ಪೂರ್ತಿ ಲ್ಯಾಗಿಂಗ್ ಬಿಚ್ಚುವಷ್ಟು ಬಜೆಟ್ ಇಲ್ಲ. ಲೈನ್ ಓಡುತ್ತಿರುವಾಗಲೇ ಏನೆಲ್ಲ ಮಾಡಬಹುದು?

ಎನ್‌ಡಿಟಿ_ಕುಡ್ಲ

ಮೊದಲು ಆ ಕೆರೆಯುವ ಕೆಲಸ ನಿಲ್ಲಿಸಿ. ಒತ್ತಡದಲ್ಲಿರುವ ಪೈಪಿನ ಉಬ್ಬಿದ ತುಕ್ಕನ್ನು ಉಳಿ-ಸುತ್ತಿಗೆಯಲ್ಲಿ ಎಬ್ಬಿಸಬಾರದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ದಪ್ಪಕ್ಕೆ ಉಬ್ಬುತ್ತದೆ. ಹಾಗಾಗಿ ಒಂದು ಇಂಚು ಪದರ ಕಂಡ ಮಾತ್ರಕ್ಕೆ ಪೈಪು ಹೋಯ್ತು ಅಂತಲ್ಲ. ಆದರೆ ಕೆಲವು ಸಲ ನೀರನ್ನು ತಡೆದು ಹಿಡಿದಿರುವುದೇ ಆ ತುಕ್ಕು. 95 ಡಿಗ್ರಿ ನೀರು 6 ಬಾರ್‌ನಲ್ಲಿ ಚಿಮ್ಮಿದರೆ ಕೆಳಗಿದ್ದವರ ಚರ್ಮ ಉಳಿಯುವುದಿಲ್ಲ. ಅಡಿಯಲ್ಲಿ ಇವತ್ತೇ ಬ್ಯಾರಿಕೇಡ್ ಹಾಕಿಸಿ.

ಹನಿ ಯಾವುದು ಅಂತ ತಿಳಿಯಲು ಎರಡು-ಮೂರು ದಿನ ಬಿಸಿಲು ಬಿದ್ದ ಮೇಲೆ ಹನಿಯುವುದು ನಿಲ್ಲುತ್ತದೆಯೋ ನೋಡಿ. ಒಂದು ಬಾಟಲಿಯಲ್ಲಿ ಹಿಡಿದು ಲೂಪಿನ ಕೆಮಿಕಲ್ (ನೈಟ್ರೈಟೋ ಮಾಲಿಬ್ಡೇಟೋ, ನೀವು ಹಾಕುವುದು ಯಾವುದೋ ಅದು) ಇದೆಯೋ ಪರೀಕ್ಷೆ ಮಾಡಿ. ಮೇಕಪ್ ನೀರಿನ (ಲೂಪಿನಲ್ಲಿ ಕಮ್ಮಿಯಾದದ್ದಕ್ಕೆ ತುಂಬುವ ನೀರಿನ) ಮೀಟರ್ ಓಟ ಜಾಸ್ತಿಯಾಗಿದ್ದರೆ ಅದೂ ಸುಳಿವು.

ಲ್ಯಾಗಿಂಗ್ ಒಳಗಿನ ತುಕ್ಕಿಗೆ ಕಾರ್ಬನ್ ಸ್ಟೀಲ್‌ನಲ್ಲಿ ಎಚ್ಚರ ಬೇಕಾದ ವ್ಯಾಪ್ತಿ ಮೈನಸ್ 12ರಿಂದ 175 ಡಿಗ್ರಿ. ನಿಮ್ಮ 95 ಅದರ ನಡುವೆ, ಅತಿ ಕೆಟ್ಟ ಭಾಗದಲ್ಲೇ ಕೂತಿದೆ. ಉಣ್ಣೆಗೆ ನೀರು ಸೇರುತ್ತದೆ, ಬಿಸಿಗೆ ಆವಿಯಾಗುತ್ತದೆ, ಕಡಲಗಾಳಿಯ ಉಪ್ಪು ಮಾತ್ರ ಹಿಂದೆ ಉಳಿದು ಮಳೆಗಾಲದಿಂದ ಮಳೆಗಾಲಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ.

280 ಮೀಟರ್ ಬಿಚ್ಚಬೇಕಾಗಿಲ್ಲ, ನೀರು ಹೊಗುವ ಮತ್ತು ನಿಲ್ಲುವ ಜಾಗ ಹುಡುಕಿದರೆ ಸಾಕು. ವೆಂಟ್, ಡ್ರೈನ್, ಗೇಜ್ ಕವಲುಗಳು ಶೀಟನ್ನು ತೂರಿ ಬರುವ ಕಡೆ, ಸಪೋರ್ಟ್ ಶೂ, ವಾಲ್ವ್-ಫ್ಲಾಂಜ್ ಹತ್ತಿರ ಲ್ಯಾಗಿಂಗ್ ಕೊನೆಯಾಗುವ ಜಾಗ, ಕಾಲಿಟ್ಟು ತಗ್ಗಾದ ಶೀಟು ಇವು ನೀರು ಹೊಗುವ ಬಾಗಿಲುಗಳು. ನೀರು ಹೊಕ್ಕ ಜಾಗದಲ್ಲೇ ಕಲೆ ಕಾಣುವುದಿಲ್ಲ. ಅದು ಉಣ್ಣೆಯೊಳಗೆ ಹರಿದು ಲಂಬ ಪೈಪಿನ ಬುಡದ ಎಲ್ಬೋದಲ್ಲೋ, ಅಡ್ಡ ಪೈಪು ಜೋಲಿದ ಕಡೆ ಅಡಿಭಾಗದಲ್ಲೋ ನಿಲ್ಲುತ್ತದೆ.

ಥರ್ಮಲ್ ಕ್ಯಾಮೆರಾ ಇದ್ದರೆ ಸೂರ್ಯ ಮುಳುಗಿ ಎರಡು ಗಂಟೆ ಆದ ಮೇಲೆ ನೋಡಿ, ಒದ್ದೆ ಉಣ್ಣೆ ಶಾಖ ಬಿಟ್ಟುಕೊಡುವುದರಿಂದ ಅಲ್ಲಿ ಬಿಸಿ ಕಲೆ ಕಾಣ್ತದೆ. ಆದರೆ ಹೊಳೆಯುವ ಅಲ್ಯೂಮಿನಿಯಂ ಕನ್ನಡಿಯಂತೆ ಆಕಾಶವನ್ನೇ ತೋರಿಸುತ್ತದೆ. ಅಲ್ಲಲ್ಲಿ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲಿನ ರೀಡಿಂಗ್ ಮಾತ್ರ ನಂಬಿ.

ನಂತರ ಪೈಪಿನ ದಪ್ಪ ಅಳೆಯಲು ಅನುಮಾನದ ಹತ್ತು-ಹನ್ನೆರಡು ಕಡೆ ಲ್ಯಾಗಿಂಗ್‌ನಲ್ಲಿ 150 x 150 ಮಿ.ಮೀ. ಕಿಟಕಿ ಕತ್ತರಿಸಿ, ಎಲ್ಬೋದಲ್ಲಿ 300. ತುಕ್ಕಿನ ಪದರ ತುಂಬಾ ದಪ್ಪವಿದ್ದರೆ ಮುಟ್ಟದೆ ಪ್ರೊಫೈಲ್ ರೇಡಿಯೋಗ್ರಫಿ (ಪೈಪಿನ ಎಕ್ಸ್-ರೇಯಂಥ ಚಿತ್ರ) ಮಾಡಿಸಿ, ಲ್ಯಾಗಿಂಗ್ ಇದ್ದಂತೆಯೇ ಅಂಚಿನ ದಪ್ಪ ಫಿಲ್ಮಿನಲ್ಲಿ ಸಿಗುತ್ತದೆ. ವಿಕಿರಣ ಮೂಲ ತರುವ ಏಜೆನ್ಸಿಗೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಪರವಾನಗಿ ಬೇಕು, ಜಾಗ ಖಾಲಿ ಮಾಡಿಸಬೇಕು, ರಾತ್ರಿ ಪಾಳಿ ಒಳ್ಳೆಯದು.

ಇನ್‌ಸ್ಪೆಕ್ಷನ್_ಉಡುಪಿ

ಮೇಲಿನವರು ಹೇಳಿದ್ದಕ್ಕೆ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಬಗ್ಗೆ ಎರಡು ಮಾತು. ತಪ್ಪು ರೀಡಿಂಗ್ ಹೆಚ್ಚಾಗಿ ಇಲ್ಲೇ ಹುಟ್ಟುವುದು.

ಸಾಧಾರಣ ಅಲ್ಟ್ರಾಸಾನಿಕ್ ಪ್ರೋಬ್ 50-60 ಡಿಗ್ರಿವರೆಗೆ ಮಾತ್ರ. ನಿಮ್ಮ ಲೈನಿಗೆ ಹೈ ಟೆಂಪರೇಚರ್ ಡ್ಯುಯಲ್ ಪ್ರೋಬ್, ಅದಕ್ಕೆಂದೇ ಇರುವ ಕಪ್ಲೆಂಟ್ (ಪ್ರೋಬಿಗೂ ಪೈಪಿಗೂ ನಡುವೆ ಹಚ್ಚುವ ಜೆಲ್) ಬೇಕು. ಇಟ್ಟು ಐದು ಸೆಕೆಂಡಿನೊಳಗೆ ತೆಗೆಯಿರಿ, ಮತ್ತೆ ಇಡುವ ಮೊದಲು ತಣಿಯಲು ಬಿಡಿ. ಬಿಸಿ ಉಕ್ಕಿನಲ್ಲಿ ಶಬ್ದ ನಿಧಾನ, 55 ಡಿಗ್ರಿ ಏರಿಕೆಗೆ ಸುಮಾರು ಶೇಕಡಾ 1ರಷ್ಟು ದಪ್ಪ ಜಾಸ್ತಿ ತೋರಿಸ್ತದೆ. ಇದು ಸಣ್ಣದು. ಪೈಂಟಿನ ತಪ್ಪು ದೊಡ್ಡದು: 250 ಮೈಕ್ರಾನ್ ಪೈಂಟಿನ ಮೇಲೆ ಸಿಂಗಲ್ ಎಕೋದಲ್ಲಿ ಅಳೆದರೆ ಸುಮಾರು 0.6 ಮಿ.ಮೀ. ಇಲ್ಲದ ಕಬ್ಬಿಣ ಇದೆ ಅಂತ ತೋರಿಸ್ತದೆ. ಎಕೋ-ಟು-ಎಕೋ ಮೋಡ್ ಬಳಸಿ, ಅದು ಪೈಂಟನ್ನು ಬಿಟ್ಟು ಕಬ್ಬಿಣವನ್ನಷ್ಟೇ ಅಳೆಯುತ್ತದೆ. ಪ್ರತಿ ಜಾಗದಲ್ಲಿ ಮೇಲೆ, ಕೆಳಗೆ, ಎಡ, ಬಲ ನಾಲ್ಕು ರೀಡಿಂಗ್ ಬರೆದುಕೊಳ್ಳಿ. ಎಲ್ಬೋ ಆದರೆ ಹೊರಬಾಗಿನಲ್ಲಿ ಇನ್ನೊಂದು, ಅಲ್ಲಿ ಒಳಗಿನ ಸವೆತ ಸಿಗುತ್ತದೆ.

ಕಿಟಕಿಗೆ ರಬ್ಬರ್ ಮುಚ್ಚಳದ ಇನ್‌ಸ್ಪೆಕ್ಷನ್ ಪ್ಲಗ್ ಹಾಕಿಬಿಡಿ ಅಂತ ಯಾರಾದರೂ ಹೇಳಿಯಾರು. ಸರಪಳಿ ಇಲ್ಲದ ಮುಚ್ಚಳ ಒಂದೇ ವರ್ಷದಲ್ಲಿ ಕಾಣೆಯಾಗ್ತದೆ, ಆಮೇಲೆ ಅದೇ ನೀರಿನ ಬಾಗಿಲು. ಹಾಕುವುದಾದರೆ ಪೈಪಿನ ಪಕ್ಕದಲ್ಲಿ ಹಾಕಿ, ತಲೆಯ ಮೇಲೆ ಬೇಡವೇ ಬೇಡ.

ಯುಟಿಲಿಟಿ_ಬೈಕಂಪಾಡಿ

ತುಂಬಾ ಉಪಕಾರ. ಹನಿ ನಿಂತಿದೆ, ನೈಟ್ರೈಟ್ ಸಿಗಲಿಲ್ಲ, ಹಾಗಾದರೆ ಮಳೆನೀರೇ. ಹನ್ನೊಂದು ಕಿಟಕಿ ತೆಗೆದೆವು. ಹೆಚ್ಚಿನ ಕಡೆ 5.5ರ ಮೇಲೆ ಇದೆ. ಕಲೆ ಇದ್ದ ಎಲ್ಬೋದ ಅಡಿಯಲ್ಲಿ ಅತಿ ಕಡಿಮೆ 4.1 ಮಿ.ಮೀ. ಏಪ್ರಿಲ್‌ವರೆಗೆ ಓಡಿಸಬಹುದಾ?

ಇನ್‌ಸ್ಪೆಕ್ಷನ್_ಉಡುಪಿ

ಲೆಕ್ಕ ಹಾಕುವ. 6 ಬಾರ್, 114.3 ಮಿ.ಮೀ. ಹೊರವ್ಯಾಸ, ಉಕ್ಕು ಎ106 ಗ್ರೇಡ್ ಬಿ ದರ್ಜೆಯದ್ದು ಅಂತ ಹಿಡಿದರೆ ಒತ್ತಡಕ್ಕೆ ಬೇಕಾದ ದಪ್ಪ 0.25 ಮಿ.ಮೀ. ಮಾತ್ರ. ಆ ಅಂಕಿ ನೋಡಿ ಧೈರ್ಯ ಮಾಡಬೇಡಿ. ಪೈಪು ತನ್ನ ಭಾರ ತಾನು ಹೊರಬೇಕು, ಹಾಗಾಗಿ 4 ಇಂಚಿಗೆ ಎಪಿಐ 574 (ಪೈಪ್ ತಪಾಸಣೆಯ ಅಮೆರಿಕನ್ ಮಾರ್ಗಸೂಚಿ) ಕೊಡುವ ಕನಿಷ್ಠ ದಪ್ಪ 2.3, ಎಚ್ಚರಿಕೆಯ ಗೆರೆ 3.1.

ಮೂಲ ದಪ್ಪ 6.02. ಹನ್ನೆರಡು ವರ್ಷದಲ್ಲಿ 1.92 ಹೋಗಿದೆ, ವರ್ಷಕ್ಕೆ 0.16. ಹಾಗೆ ಹಿಡಿದರೆ 2.3ಕ್ಕೆ ಇಳಿಯಲು ಹನ್ನೊಂದು ವರ್ಷ. ಆದರೆ ಲ್ಯಾಗಿಂಗ್ ಮೊದಲ ದಿನದಿಂದ ಒದ್ದೆ ಇರಲಿಕ್ಕಿಲ್ಲ. ಶೀಟು ಬಾಯಿಬಿಟ್ಟು ಐದು ವರ್ಷ ಅಂತ ಹಿಡಿದರೆ ವರ್ಷಕ್ಕೆ 0.38, ಉಳಿದ ಆಯುಷ್ಯ ನಾಲ್ಕೂಮುಕ್ಕಾಲು ವರ್ಷಕ್ಕೂ ಕಮ್ಮಿ. ಯಾವಾಗಲೂ ಕೆಟ್ಟ ದರವನ್ನೇ ತೆಗೆದುಕೊಳ್ಳಿ. ಮುಂದಿನ ಅಳತೆ ಅರ್ಧ ಆಯುಷ್ಯದೊಳಗೆ, ಅಂದರೆ ಎರಡು ವರ್ಷ ಮೀರಬಾರದು. ಏಪ್ರಿಲ್‌ವರೆಗೆ ತೊಂದರೆ ಕಾಣುವುದಿಲ್ಲ, ಆದರೆ ಆ ಎಲ್ಬೋವನ್ನು ಶಟ್‌ಡೌನ್ ಪಟ್ಟಿಗೆ ಸೇರಿಸಿ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಅದೇ ಚುಕ್ಕೆಯಲ್ಲಿ ಅಳೆಯಿರಿ. ಚುಕ್ಕೆಗೆ ಪೈಂಟ್ ಮಾರ್ಕರ್ ಗುರುತು ಇರಲಿ.

ಪಕ್ಕಕ್ಕೆ ತುಂಡು ತಗಡು ವೆಲ್ಡ್ ಮಾಡುವ ಯೋಚನೆ ಬಂದರೆ ಬಿಟ್ಟುಬಿಡಿ. ಓಡುವ ಲೈನಿನಲ್ಲಿ 4.8 ಮಿ.ಮೀ.ಗಿಂತ ತೆಳುವಾದ ಗೋಡೆಗೆ ವೆಲ್ಡ್ ಮಾಡಿದರೆ ಸುಟ್ಟು ತೂತಾಗುವ ಅಪಾಯ. ಒಳಗಿನ ನೀರು ಬೆಸುಗೆಯನ್ನು ತಟ್ಟನೆ ತಣಿಸಿ ಗಡುಸು ಮಾಡಿ ಬಿರುಕೂ ತರಬಹುದು. ಒತ್ತಡ ಚದರ ಸೆಂ.ಮೀ.ಗೆ 3.5 ಕೆ.ಜಿ. ಮೀರಿದ ಸ್ಟೀಮ್ ಲೈನ್ ಆದರೆ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ವ್ಯಾಪ್ತಿ, ಬಾಯ್ಲರ್ ಇಲಾಖೆಯ ಒಪ್ಪಿಗೆ ಇಲ್ಲದೆ ಕೈ ಹಾಕಲಿಕ್ಕಿಲ್ಲ.

ಪೈಪ್‌ಸಪೋರ್ಟ್_ಪಣಂಬೂರು

6 ಇಂಚಿನ ಲೈನಿನ ಬಗ್ಗೆ ಯಾರೂ ಹೇಳಲಿಲ್ಲ. ಸಪೋರ್ಟಿನ ಉಕ್ಕಿನ ಚಾನೆಲ್ ಮೇಲೆ ಪೈಪು ಕೂತ ಗೆರೆಯಲ್ಲಿ ಪೈಂಟ್ ಉಜ್ಜಿ ಹೋಗ್ತದೆ, ಉಪ್ಪುನೀರು ಸಂದಿನಲ್ಲಿ ಒಣಗುವುದೇ ಇಲ್ಲ. ರಬ್ಬರ್ ಪ್ಯಾಡ್ ತುರುಕಿದರೆ ಇನ್ನೂ ಕೆಟ್ಟದು, ಅದು ನೀರು ಹಿಡಿದಿಡುವ ಸ್ಪಂಜು. ಅರ್ಧ ದುಂಡಿನ ಗಟ್ಟಿ ಪ್ಲಾಸ್ಟಿಕ್ ರಾಡ್ ಇಡಿ, ಪೈಪು ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ, ನೀರು ಇಳಿದು ಹೋಗ್ತದೆ.

ಎತ್ತುವ ಮೊದಲು ಸಪೋರ್ಟಿನ ಎರಡೂ ಬದಿಯಲ್ಲಿ ಅಳೆದು ನೋಡಿ. ನೀರು ತುಂಬಿದ 6 ಇಂಚು ಶೆಡ್ಯೂಲ್ 40 ಮೀಟರಿಗೆ ಸುಮಾರು 47 ಕೆ.ಜಿ., 6 ಮೀಟರ್ ಅಂತರಕ್ಕೆ ಒಂದು ಸಪೋರ್ಟ್ ಹೊರುವುದು 280 ಕೆ.ಜಿ. ಒಂದು ಟನ್ನಿನ ಜಾಕ್ ಸಾಕು. ಅಗಲವಾದ ಸ್ಯಾಡಲ್ ಇಟ್ಟು 6-8 ಮಿ.ಮೀ.ಗಿಂತ ಹೆಚ್ಚು ಎತ್ತಬೇಡಿ. ಹತ್ತಿರದ ಫ್ಲಾಂಜ್, ಅರ್ಧ ಇಂಚಿನ ಗೇಜ್ ಕವಲು ಎಳೆಯುತ್ತದೆಯೋ ಅಂತ ಒಬ್ಬ ನೋಡುತ್ತಾ ಇರಲಿ. ಒಂದು ಬದಿಯಲ್ಲಾದರೂ 3.3 ಮಿ.ಮೀ.ಗಿಂತ ಕಡಿಮೆ ಬಂದರೆ ಎತ್ತುವುದೇ ಬೇಡ, ಶಟ್‌ಡೌನ್‌ಗೆ ಬಿಡಿ.

ಕೋಟಿಂಗ್_ಸುರತ್ಕಲ್

ಪೈಂಟ್ ಕಂಟ್ರಾಕ್ಟರಿಗೆ ಕೇಳಬೇಕಾದ್ದು: 95 ಡಿಗ್ರಿ ಮೈಯ ಮೇಲೆ ಯಾವ ಪೈಂಟ್? ಸಾಧಾರಣ ಎಪಾಕ್ಸಿ ಅಲ್ಲಿ ಗುಳ್ಳೆ ಏಳ್ತದೆ. ಬಿಸಿ ಮೈಗೇ ಹಚ್ಚಲು ಬರುವ ಕೋಟಿಂಗ್ ಉಂಟು, ಡೇಟಾಶೀಟ್‌ನಲ್ಲಿ ಹಚ್ಚುವಾಗಿನ ಮೈಬಿಸಿ ಎಷ್ಟಿರಬಹುದು ಅಂತ ಬರೆದಿರಬೇಕು, ಸರ್ವೀಸ್ ಟೆಂಪರೇಚರ್ ಒಂದೇ ಸಾಲದು. ಜಿಂಕ್ ಸಿಲಿಕೇಟ್ ಒಂದನ್ನೇ ಲ್ಯಾಗಿಂಗ್ ಒಳಗೆ ಹಚ್ಚಬೇಡಿ, ಒದ್ದೆ ಬಿಸಿಯಲ್ಲಿ ಜಿಂಕ್ ಬೇಗ ಕರಗಿಹೋಗ್ತದೆ. ಹಚ್ಚುವ ಮುಂಚೆ ಉಪ್ಪು ತೊಳೆಯಬೇಕು. ಕರಾವಳಿಯ ಬೋರ್‌ವೆಲ್ ನೀರೇ ಉಪ್ಪಾಗಿರಬಹುದು, ಪರೀಕ್ಷಿಸಿ ಬಳಸಿ.

ಕೂಲಿಂಗ್ ವಾಟರ್ ಲೈನಿಗೆ ಎಪಾಕ್ಸಿ ಆಗ್ತದೆ, ಆದರೆ ಪೈಪಿನ ಮೈ ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಮೇಲೆ, ಗಾಳಿಯ ತೇವ ಶೇಕಡಾ 85ರೊಳಗೆ ಇರಬೇಕು. ನಮ್ಮೂರಲ್ಲಿ ಅದು ಹಗಲಲ್ಲಿ ಸಿಗುವುದು ಡಿಸೆಂಬರಿನ ನಂತರ.

ಶೀಟು ಮುಚ್ಚುವಾಗ ಅಡ್ಡ ಪೈಪಿನ ಜಾಯಿಂಟ್ ತಲೆಯ ಮೇಲೆ ಬರಬಾರದು. ಪಕ್ಕದಲ್ಲಿ, ಬಾಯಿ ಕೆಳಮುಖವಾಗಿ, 50 ಮಿ.ಮೀ. ಒಂದರ ಮೇಲೊಂದು. ಲಂಬ ಪೈಪಿನಲ್ಲಿ ಮೇಲಿನ ಶೀಟು ಕೆಳಗಿನದರ ಹೊರಗೆ ಬರಲಿ, ಹಂಚಿನ ಹಾಗೆ. ತಗ್ಗಿನ ಜಾಗದ ಅಡಿಯಲ್ಲಿ 10 ಮಿ.ಮೀ. ತೂತು ಕೊರೆಯಿರಿ. ಎಲ್ಲ ಕಡೆ ಸಿಲಿಕೋನ್ ತುಂಬಿ ಅಡಿಯನ್ನೂ ಮುಚ್ಚಿದರೆ ಹೊಕ್ಕ ನೀರಿಗೆ ದಾರಿಯೇ ಇಲ್ಲ. ಒದ್ದೆಯಾದ ಉಣ್ಣೆ ಮತ್ತೆ ಹಾಕಬೇಡಿ.

ಇನ್ನೊಂದು, ಸ್ಟೋರಿನಲ್ಲಿ 4 ಇಂಚಿನ ಎರಡು ತುಂಡಿನ ಲೀಕ್ ಕ್ಲ್ಯಾಂಪ್ ಒಂದು ಇರಲಿ, ಇಪಿಡಿಎಂ (ಬಿಸಿನೀರು ತಾಳುವ ರಬ್ಬರ್) ಗ್ಯಾಸ್ಕೆಟ್‌ನದ್ದು. ಎಲ್ಬೋಗೆ ನೇರ ಪೈಪಿನ ಕ್ಲ್ಯಾಂಪ್ ಕೂರುವುದಿಲ್ಲ, ಅದಕ್ಕೆ ಬೇರೆ ಹೇಳಿ ಮಾಡಿಸಬೇಕು, ಈಗಲೇ ಆರ್ಡರ್ ಹಾಕಿ. ಕ್ಲ್ಯಾಂಪಿನ ಎರಡೂ ತುದಿ ಗಟ್ಟಿ ಕಬ್ಬಿಣದ ಮೇಲೆ ಕೂರಬೇಕು. ಹಾಕಿದ ದಿನವೇ ರಿಜಿಸ್ಟರಿನಲ್ಲಿ ಬರೆದು ತೆಗೆಯುವ ತಾರೀಕೂ ಹಾಕಿ.

ಯುಟಿಲಿಟಿ_ಬೈಕಂಪಾಡಿ

ಕ್ಲ್ಯಾಂಪ್ ಇವತ್ತೇ ಇಂಡೆಂಟ್ ಮಾಡಿದೆ. ಕಂಟ್ರಾಕ್ಟರಿಗೆ ಕೆರೆಯುವ ಕೆಲಸ ಬೇಡ ಅಂದಿದ್ದೇನೆ. ಕಿಟಕಿಗಳಿಗೆ ಹೊಸ ಉಣ್ಣೆ ಮತ್ತು ಶೀಟು ಈ ವಾರ, ರಾಡ್ ಇಡುವ ಕೆಲಸ ಡಿಸೆಂಬರಿನಿಂದ ದಿನಕ್ಕೆ ನಾಲ್ಕು ಸಪೋರ್ಟಿನಂತೆ. ಶಟ್‌ಡೌನ್‌ನಲ್ಲಿ ಎಲ್ಬೋ ಬದಲಿಸಿ, ಉಳಿದ ಶೀಟಿನ ಕೆಲಸ ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರ ಬರುವ ತುಳುನಾಡಿನ ದಿನ) ಮುಗಿಸ್ತೇವೆ. ಏಪ್ರಿಲ್‌ನ ರೀಡಿಂಗ್ ಇಲ್ಲೇ ಹಾಕ್ತೇನೆ.