'ನದ್ರೀವ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

'ನದ್ರೀವ್' ಎಂಬ ಒಂದು ರಷ್ಯನ್ ಪದದ ಹಿಂದೆ ಬಿದ್ದು ಎರಡು ವಾರ ಆಯಿತು. ನಮ್ಮಿಂದ ಬಗೆಹರಿಯುತ್ತಿಲ್ಲ. ನಿಮ್ಮ ಮುಂದೆ ಇಡುತ್ತಿದ್ದೇನೆ.

ನಾವು ಏಳು ಜನ ಸೇರಿ ದಾಸ್ತೊಯೆವ್‌ಸ್ಕಿಯ 'ಕರಮಾಜೊವ್ ಸಹೋದರರು' ಓದುತ್ತಿದ್ದೇವೆ. ಒಬ್ಬರೇ ಓದಲು ಹೊರಟು ಅರ್ಧಕ್ಕೆ ಕೈಬಿಟ್ಟವರೇ ನಮ್ಮಲ್ಲಿ ಜಾಸ್ತಿ. ನಾನಂತೂ ಎರಡು ಸಲ ಬಿಟ್ಟಿದ್ದೇನೆ. ಹೆಚ್ಚಿನವರು ಇಂಗ್ಲಿಷಿನಲ್ಲಿ ಓದಿಕೊಂಡು ಬರುತ್ತೇವೆ. ರಷ್ಯನ್ ಕಲಿತಿರುವ ಒಬ್ಬರು ಮೂಲವನ್ನೇ ಓದುತ್ತಾರೆ. ವಾರಕ್ಕೊಮ್ಮೆ ಸೇರಿದಾಗ ಒಬ್ಬೊಬ್ಬರು ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಬೇಕು, ಪುಸ್ತಕ ನೋಡದೆ. ಈ ನಿಯಮವೇ ಎಲ್ಲ ತಕರಾರಿನ ಬೇರು. ಓದುವಾಗ 'ಗೊತ್ತಾಯ್ತು' ಅಂತ ದಾಟಿ ಬಂದ ಪದ, ಕನ್ನಡದಲ್ಲಿ ಹೇಳಹೊರಟರೆ ಬಾಯಿಗೇ ಬರುವುದಿಲ್ಲ. ಗೊತ್ತೇ ಆಗಿರಲಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ.

ಮೊದಲು ಎಡವಿದ್ದು 'ಪುಸ್ತಕ' ಅನ್ನುವಂಥ ಸಾಮಾನ್ಯ ಮಾತಿನಲ್ಲಿ. ಈ ಕಾದಂಬರಿಗೆ 4 ಭಾಗ, ಒಂದೊಂದು ಭಾಗಕ್ಕೆ ಮೂರರಂತೆ 12 'ಪುಸ್ತಕ', ಕೊನೆಗೊಂದು ಉಪಸಂಹಾರ. 'ಮುಂದಿನ ವಾರಕ್ಕೆ 4ನೇ ಪುಸ್ತಕ ಓದಿ ಬನ್ನಿ' ಅಂದಾಗ ಹೊಸದಾಗಿ ಸೇರಿದವರೊಬ್ಬರು ಗಾಬರಿಯಾದರು. ಮೂರು ಪುಸ್ತಕ ಮುಗಿದೇ ಹೋಯಿತಾ, ನನ್ನ ಹತ್ತಿರ ಇರೋದು ಒಂದೇ ಅಲ್ವಾ ಅಂತ. ಭಾಗ ಅನ್ನೋಣ ಎಂದರೆ ಆ ಪದ ಮೇಲಿನ ಮಟ್ಟದಲ್ಲಿ ಖರ್ಚಾಗಿಬಿಟ್ಟಿದೆ. ಆಶ್ವಾಸ, ಸಂಧಿ, ಕಾಂಡ ಎಲ್ಲ ನೋಡಿ ಕೊನೆಗೆ 'ಪರ್ವ'ಕ್ಕೆ ಬಂದೆವು. ಅಪ್ಪ, ಮಕ್ಕಳು, ಆಸ್ತಿ ಜಗಳ, ದಾಯಾದಿ ಹಗೆ ಎಲ್ಲ ಇರುವ ಕಥೆಗೆ ಪರ್ವ ಅನ್ನುವುದು ಒಪ್ಪುತ್ತದೆ ಬಿಡಿ. ಇದರ ಬಗ್ಗೆ ನನ್ನ ಪ್ರಶ್ನೆಯಿಲ್ಲ.

ಹಾಗೆಯೇ, ಹೀಗೆ ಜೊತೆಯಾಗಿ ಓದುವುದಕ್ಕೆ ಒಬ್ಬರು 'ಒಡನೋದು' ಎಂದು ಹೆಸರಿಟ್ಟರು. ಒಡನಾಟ, ಒಡಹುಟ್ಟು ಇದ್ದ ಹಾಗೆ. ನನಗೆ ಇಷ್ಟವಾಯಿತು. ಆದರೆ ಫೋನಿನಲ್ಲಿ ಹೇಳಿದರೆ ಎಲ್ಲರಿಗೂ 'ಒಡೆಯೋದು' ಅಂತಲೇ ಕೇಳಿಸುತ್ತದೆ. ಸದ್ಯಕ್ಕೆ 'ಕೂಡಿ ಓದುವುದು' ಅಂತಲೇ ಇಟ್ಟುಕೊಂಡಿದ್ದೇವೆ.

ಈಗ ಅಸಲು ವಿಷಯ. 4ನೇ ಪರ್ವದ ತಲೆಬರಹವೇ 'ನದ್ರೀವಿ'. ಅದು ಬಹುವಚನ. ಏಕವಚನದಲ್ಲಿ 'ನದ್ರೀವ್', ಒತ್ತು ಎರಡನೇ ಅಕ್ಷರದ ಮೇಲೆ, ಕೊನೆಯ ವ್ ಕಿವಿಗೆ ಸುಮಾರು ಫ್ ಥರ ಕೇಳಿಸುತ್ತದಂತೆ. ತಲೆಬರಹ ಮಾತ್ರ ಆಗಿದ್ದರೆ ಏನೋ ಒಂದು ಹೇಳಿ ಮುಂದೆ ಹೋಗುತ್ತಿದ್ದೆವು. ಆದರೆ ಅದೇ ಪರ್ವದ ಕೊನೆಯ ಮೂರು ಅಧ್ಯಾಯಗಳ ಹೆಸರು ನೋಡಿ: 'ನಡುಮನೆಯಲ್ಲಿ ನದ್ರೀವ್', 'ಗುಡಿಸಲಿನಲ್ಲಿ ನದ್ರೀವ್', ಆಮೇಲೆ 'ಬಯಲಿನಲ್ಲೂ'. ಅಂದರೆ ಒಂದೇ ಪದ ಸಿರಿವಂತರ ಮನೆಯಲ್ಲೂ ನಡೆಯಬೇಕು, ಬಡವನ ಗುಡಿಸಲಲ್ಲೂ ನಡೆಯಬೇಕು, ಬಯಲಿನಲ್ಲಿ ಹೇಳದೆಯೇ ಅರ್ಥವಾಗಬೇಕು. ಮೂರು ಕಡೆ ಮೂರು ಪದ ಹಾಕಿದರೆ ಲೇಖಕ ಕಟ್ಟಿದ ಸೇತುವೆ ಕುಸಿದ ಹಾಗೆ.

ಇಂಗ್ಲಿಷ್ ಅನುವಾದಕರೂ ಒಂದು ದಾರಿ ಹಿಡಿದಿಲ್ಲ. 1912ರಲ್ಲಿ ಕಾನ್‌ಸ್ಟನ್ಸ್ ಗಾರ್ನೆಟ್ 'ಲ್ಯಾಸರೇಶನ್ಸ್' ಎಂದರು. ಪರಚು ಗಾಯ, ಹರಿದ ಗಾಯ. 1990ರಲ್ಲಿ ಪೆವಿಯರ್ ಮತ್ತು ವೊಲೊಖಾನ್‌ಸ್ಕಿ 'ಸ್ಟ್ರೇನ್ಸ್' ಎಂದರು. ಅದು ಗಾಯವಲ್ಲ, ಎಳೆತ. ನಮ್ಮಲ್ಲಿ ಅರ್ಧ ಜನರ ಕೈಯಲ್ಲಿ ಹಳೆಯ ಅನುವಾದ, ಅರ್ಧ ಜನರ ಕೈಯಲ್ಲಿ ಹೊಸದು. ಮೊದಲ ಅರ್ಧ ಗಂಟೆ ನಾವು ಬೇರೆ ಬೇರೆ ಅಧ್ಯಾಯ ಓದಿಕೊಂಡು ಬಂದಿದ್ದೇವೆ ಎಂದೇ ಅಂದುಕೊಂಡಿದ್ದೆವು.

ರಷ್ಯನ್ ಬಲ್ಲ ಗೆಳೆಯರು ಬಿಡಿಸಿ ಹೇಳಿದ್ದು ಹೀಗೆ. ಮೂಲದಲ್ಲಿರುವುದು ಹರಿಯುವುದು, ಕೀಳುವುದು ಎನ್ನುವ ಧಾತು. ಅದಕ್ಕೆ ಮುಂದೆ 'ನದ್' ಸೇರಿದರೆ ಪೂರ್ತಿ ಹರಿಯುವುದಲ್ಲ, ಅಂಚಿನಿಂದ ಒಂದಿಷ್ಟು ಹರಿಯುವುದು. ಲಕೋಟೆಯ ಬಾಯನ್ನು ಸ್ವಲ್ಪ ಕಿತ್ತು ಬಿಟ್ಟ ಹಾಗೆ. ಇದೇ 'ನದ್' ಸೇರಿದರೆ ಕಚ್ಚುವುದು ಒಂದಿಷ್ಟೇ ಕಚ್ಚುವುದಾಗುತ್ತದೆ, ಮುರಿಯುವುದು ಅರೆಮುರಿಯುವುದಾಗುತ್ತದೆ. ಇನ್ನೊಂದು ಅರ್ಥ ದೇಹದ್ದು. ಆಗದ ಭಾರ ಎತ್ತಲು ಹೋಗಿ ಒಳಗೆಲ್ಲೋ ಏನೋ ಕಿತ್ತುಕೊಂಡಂತೆ ಆಗುತ್ತದಲ್ಲ, ಅದು. ಮೂರನೆಯದು ಇವೆರಡರಿಂದ ಹುಟ್ಟಿದ ಮನಸ್ಸಿನ ಅರ್ಥ.

ಇಲ್ಲೊಂದು ಖುಷಿಯ ವಿಷಯ. ರಷ್ಯನ್ನಿನಲ್ಲಿ ಇದೇ ಕ್ರಿಯಾಪದವನ್ನು ಗಂಟಲಿಗೂ ಹೇಳುತ್ತಾರಂತೆ, ನಗುವಾಗ ಹೊಟ್ಟೆಗೂ ಹೇಳುತ್ತಾರಂತೆ. ನಾವೂ ಅಷ್ಟೇ ಅಲ್ವಾ? ಗಂಟಲು ಹರಿಯುವಂತೆ ಕೂಗುತ್ತೇವೆ. ಹೊಟ್ಟೆ ಬಿರಿಯುವಂತೆ ನಗುತ್ತೇವೆ. ಎದೆ ಬಿರಿಯುವಂತೆ ಅಳುತ್ತೇವೆ. ಯಾರಿಂದ ಯಾರೂ ಎರವಲು ಪಡೆದದ್ದಲ್ಲ. ಮನುಷ್ಯನ ಮೈ ಎಲ್ಲ ಕಡೆ ಒಂದೇ ಥರ ಹರಿಯುತ್ತದೆ, ಅಷ್ಟೆ.

ಹಾಗಾದರೆ 'ಬಿರಿತ' ಅಥವಾ 'ಎದೆಬಿರಿತ' ಅಂದರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡೆ. ಎರಡು ದಿನ ಅದರಲ್ಲೇ ಇದ್ದೆ. ಆಮೇಲೆ ಒಬ್ಬರು ಮೆಲ್ಲಗೆ ಕೇಳಿದರು, 'ಹೂವೂ ಬಿರಿಯುತ್ತದಲ್ಲ?' ಹೌದು. ಮೊಗ್ಗು ಬಿರಿಯಿತು ಅನ್ನುವ ಸೊಗಸಾದ ಮಾತು ಇದೇ ಧಾತುವಿನದು. 'ನಡುಮನೆಯಲ್ಲಿ ಬಿರಿತ' ಅಂದರೆ ಮಲ್ಲಿಗೆ ಅರಳಿದ ಹಾಗಿದೆ. ಹಾಗಾದರೆ 'ಹರಿ' ಹಿಡಿಯೋಣ, 'ಎದೆಹರಿತ' ಅನ್ನೋಣ ಎಂದರೆ ಹರಿತ ಎಂದರೆ ಚೂಪು! 'ಹರಕು' ಎಂದರೆ ಬಟ್ಟೆ, ಇಲ್ಲವೇ ಬಾಯಿ. ಒಂದೊಂದು ಧಾತುವಿಗೂ ನಮ್ಮಲ್ಲಿ ಮೊದಲೇ ಬೇರೆ ಬಾಡಿಗೆದಾರರು ಇದ್ದಾರೆ.

ಪದ ಬಿಟ್ಟು ಸನ್ನಿವೇಶಕ್ಕೇ ಹೋಗೋಣ. ಈ ಪದವನ್ನು ಮೊದಲು ಎತ್ತಿ ಆಡುವವಳು ಖೊಖ್ಲಕೋವಾ ಎಂಬ ಮಾತಿನಮಲ್ಲಿ ಹೆಂಗಸು. ದ್ಮೀತ್ರಿ, ಇವಾನ್, ಅಲ್ಯೋಶಾ ಮೂವರು ಕರಮಾಜೊವ್ ಸಹೋದರರು. ದ್ಮೀತ್ರಿಗೆ ನಿಶ್ಚಯವಾದ ಹುಡುಗಿ ಕತೆರೀನಾ ಪ್ರೀತಿಸುವುದು ಇವಾನನನ್ನು. ಆದರೆ ತನಗೆ ಅವಮಾನ ಮಾಡಿದ ದ್ಮೀತ್ರಿಯನ್ನೇ ಪ್ರೀತಿಸುತ್ತೇನೆಂದು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಿದ್ದಾಳೆ. ಇದು ನದ್ರೀವ್ ಅಂತ ಖೊಖ್ಲಕೋವಾಳ ವಾದ. ಆ ಪದ ಕೇಳಿ ಅಲ್ಯೋಶಾ ಬೆಚ್ಚುತ್ತಾನೆ. ಯಾಕೆಂದರೆ ಅವತ್ತೇ ಬೆಳಗಿನ ಜಾವ ಅರೆನಿದ್ದೆಯಲ್ಲಿ ಅವನು 'ನದ್ರೀವ್, ನದ್ರೀವ್' ಎಂದು ತಾನೇ ಕನವರಿಸಿರುತ್ತಾನೆ. ಹಾಗಾಗಿ ನಮಗೆ ಬೇಕಾದ ಪದ ಹರಟೆಮಲ್ಲಿಯ ಬಾಯಲ್ಲೂ ಸಲೀಸಾಗಿ ಬರಬೇಕು, ನಿದ್ದೆಗಣ್ಣಿನಲ್ಲಿ ಕನವರಿಸಲೂ ಆಗಬೇಕು. 'ಆತ್ಮವಿದಾರಣೆ' ಎಂದು ಯಾರೂ ಕನವರಿಸುವುದಿಲ್ಲ. (ಇದು ನಿಜವಾಗಿ ಬಂದ ಸಲಹೆ. ಕೊಟ್ಟವರು ಇದನ್ನು ಓದುತ್ತಾರೆ. ಕ್ಷಮಿಸಿ.)

ನಡುಮನೆಯಲ್ಲಿ ಇವಾನ್ ಕತೆರೀನಾಳ ಮುಖಕ್ಕೇ ಹೇಳುತ್ತಾನೆ: ದ್ಮೀತ್ರಿ ಅವಮಾನ ಮಾಡಿದಷ್ಟೂ ನಿಮಗೆ ಅವನ ಮೇಲೆ ಪ್ರೀತಿ ಜಾಸ್ತಿ, ಅದೇ ನಿಮ್ಮ ನದ್ರೀವ್. ಇಲ್ಲಿ ನಮಗೆ ಹೊಳೆದದ್ದು, ಇದು ಬರೀ ನೋವಲ್ಲ. ನೋವಿನ ಜೊತೆ ಒಂದು ಹಠ, ಒಂದು ಹೆಮ್ಮೆ, ನೋಡುವವರು ಇದ್ದಾರೆ ಎನ್ನುವ ಅರಿವು. ಒಬ್ಬರು ಥಟ್ಟನೆ 'ರಂಪ' ಅಂದರು. ನಡುಮನೆಗೆ ಅದು ಮುಕ್ಕಾಲು ಪಾಲು ಸರಿ. ಆದರೆ ಗುಡಿಸಲಿಗೆ ಬಂದರೆ ಸೋಲುತ್ತದೆ.

ಗುಡಿಸಲಿನಲ್ಲಿರುವವನು ಸ್ನೆಗಿರ್ಯೊವ್, ಕೆಲಸ ಹೋದ ಸೇನಾಧಿಕಾರಿ. ದ್ಮೀತ್ರಿ ಅವನ ಗಡ್ಡ ಹಿಡಿದು ಬೀದಿಗೆ ಎಳೆದಿದ್ದಾನೆ, ಅದೂ ಅವನ ಪುಟ್ಟ ಮಗನ ಕಣ್ಣೆದುರೇ. ಗುಡಿಸಲಿನಿಂದ ಇಬ್ಬರೂ ಬಯಲಿಗೆ ಬಂದ ಮೇಲೆ ಅಲ್ಯೋಶಾ ಕತೆರೀನಾಳ ಪರವಾಗಿ 200 ರೂಬಲ್ ಕೊಡುತ್ತಾನೆ. ಸ್ನೆಗಿರ್ಯೊವ್ ಹಿಗ್ಗಿ ಹೋಗುತ್ತಾನೆ. ಕಾಯಿಲೆಯ ಹೆಂಡತಿಗೆ, ಮಗಳಿಗೆ ಔಷಧ, ಬೇರೆ ಊರಿನಲ್ಲಿ ಹೊಸ ಬದುಕು, ಕುದುರೆ, ಗಾಡಿ, ಎಲ್ಲ ಕನಸು ಕಾಣುತ್ತಾನೆ. ಆಮೇಲೆ ಒಮ್ಮೆಲೇ ಆ ಎರಡು ನೋಟುಗಳನ್ನು ಮುದುಡಿ, ನೆಲಕ್ಕೆ ಎಸೆದು, ಕಾಲಿನಿಂದ ಹೊಸಕುತ್ತಾನೆ. ನಮ್ಮ ಅವಮಾನಕ್ಕೆ ದುಡ್ಡು ತಗೊಂಡರೆ ಮಗನಿಗೆ ಏನು ಹೇಳಲಿ ಅಂತ. ಈ ಅಧ್ಯಾಯ ಹೇಳಿದ ಗೆಳತಿಗೆ ಕೊನೆಯಲ್ಲಿ ಮಾತು ಬರಲಿಲ್ಲ. ಅದನ್ನು ರಂಪ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

'ಸಂಕಟ', 'ತಳಮಳ', 'ಬೇಗುದಿ' ಎಲ್ಲ ಬಂದವು. ಇವೆಲ್ಲ ನಮಗೆ ಆಗುವಂಥವು, ನಾವು ಮಾಡಿಕೊಳ್ಳುವಂಥವಲ್ಲ. 'ಬಿರುಕು' ಚೆನ್ನಾಗಿದೆ, ಅದರಲ್ಲಿ ಅರ್ಧ ಒಡೆದ ಅರ್ಥವೂ ಇದೆ. ಆದರೆ ಗೋಡೆ ತಾನಾಗಿ ಬಿರುಕು ಬಿಡುತ್ತದೆ. ಸ್ನೆಗಿರ್ಯೊವ್ ತಾನಾಗಿ ಒಡೆದವನಲ್ಲ. ತನ್ನ ಕಾಲಿನಿಂದ ತನ್ನ ಕನಸನ್ನೇ ಹೊಸಕಿದವನು. ಮಾಡುವವನೂ ಅವನೇ, ಮಾಡಿಸಿಕೊಳ್ಳುವವನೂ ಅವನೇ.

ಅಲ್ಲಿಗೆ ನನಗೆ ಅನ್ನಿಸಿದ್ದು, ಕನ್ನಡದಲ್ಲಿ ಇದನ್ನು ಹೇಳುವ ಶಕ್ತಿ ಹೆಸರುಪದದಲ್ಲಿ ಇಲ್ಲ, 'ಕೊಳ್ಳು' ಎಂಬ ಪುಟ್ಟ ಬಾಲದಲ್ಲಿದೆ. ಪರಚು ಬೇರೆ, ಪರಚಿಕೊಳ್ಳು ಬೇರೆ. ಹರಿ ಬೇರೆ, ಹರಿದುಕೊಳ್ಳು ಬೇರೆ. ಗಾಯ ಕೆರೆಯುವುದಕ್ಕೂ ಕೆರೆದುಕೊಳ್ಳುವುದಕ್ಕೂ ಎಷ್ಟು ಅಂತರ ನೋಡಿ. ಎರಡನೆಯದರಲ್ಲಿ ಉರಿಯೂ ಇದೆ, ಆ ಉರಿಯ ರುಚಿಯೂ ಇದೆ. ಕತೆರೀನಾ ಮಾಡುತ್ತಿರುವುದು ಅಚ್ಚುಕಟ್ಟಾಗಿ ಇದನ್ನೇ. ಕಥೆ ಹೇಳುವಾಗ 'ಅವಳು ಬೇಕೆಂದೇ ಎದೆ ಹರಿದುಕೊಳ್ಳುತ್ತಿದ್ದಾಳೆ' ಅಂದರೆ ಯಾರಿಗೂ ವಿವರಣೆ ಬೇಕಾಗಲಿಲ್ಲ.

ತೊಂದರೆ ತಲೆಬರಹದ್ದು. 'ಹರಿದುಕೊಳ್ಳುವಿಕೆ' ಅಂದರೆ ಸರ್ಕಾರಿ ಸುತ್ತೋಲೆಯ ವಾಸನೆ. 'ನಡುಮನೆಯಲ್ಲಿ ಹರಿದುಕೊಂಡಿದ್ದು' ಅಂದರೆ ಅಂಗಿ ಮೊಳೆಗೆ ಸಿಕ್ಕಿತಾ ಅನ್ನುತ್ತಾರೆ. 'ಕೊಳ್ಳು' ಸೇರಿದ ಕ್ರಿಯೆಯಿಂದ ಚಿಕ್ಕದಾದ, ಆಡುಮಾತಿನಲ್ಲಿ ಓಡಾಡುವ ಹೆಸರುಪದ ಮಾಡುವ ದಾರಿ ನಿಮಗೆ ಯಾರಿಗಾದರೂ ಗೊತ್ತೇ? ಹಳೆಯ ಕಾವ್ಯದಲ್ಲಾಗಲಿ, ನಿಮ್ಮ ಕಡೆಯ ಮಾತಿನಲ್ಲಾಗಲಿ? ಇದು ನನ್ನ ಮುಖ್ಯ ಪ್ರಶ್ನೆ.

ಇನ್ನೊಂದು ಚಿಕ್ಕ ಪ್ರಶ್ನೆ, ಅದೇ ಗುಡಿಸಲಿನಿಂದ. ಸ್ನೆಗಿರ್ಯೊವ್ ಮಾತುಮಾತಿಗೆ ಪದದ ಕೊನೆಗೆ 'ಸ್' ಅಂತ ಸೇರಿಸುತ್ತಾನೆ. 'ಸುದಾರ್', ಅಂದರೆ ಸ್ವಾಮಿ ಎನ್ನುವ ಪದ ಸವೆದು ಉಳಿದ ಬಾಲ ಅದು. ಹಳೆಯ ರಷ್ಯನ್ ಅಕ್ಷರಗಳ ಹೆಸರು ಸೇರಿಸಿ ಆ ಬಾಲಕ್ಕೆ 'ಸ್ಲೊವೊಯೆರ್ಸ್' ಅನ್ನುತ್ತಿದ್ದರು. ತಾನು ಸ್ನೆಗಿರ್ಯೊವ್ ಅನ್ನುವುದಕ್ಕಿಂತ ಕ್ಯಾಪ್ಟನ್ ಸ್ಲೊವೊಯೆರ್ಸೊವ್ ಅನ್ನುವುದೇ ಸರಿ, ಬಾಳಿನ ಎರಡನೇ ಅರ್ಧದಲ್ಲಿ ಕೆಳಗೆ ಬಿದ್ದ ಮೇಲೆ ಈ ಮಾತು ಬಾಯಿಗೆ ಬಂತು ಅಂತ ಅವನೇ ತನ್ನನ್ನು ಗೇಲಿ ಮಾಡಿಕೊಳ್ಳುತ್ತಾನೆ. (ನೋಡಿ, ಇಲ್ಲೂ 'ಕೊಳ್ಳು'!) ಇದಕ್ಕೆ 'ಹೌದ್ರೀ'ಯ 'ರೀ' ಸಾಕಾಗುತ್ತದೆ ಎಂದು ಒಬ್ಬರ ವಾದ. ನನಗೆ ಒಪ್ಪಿಗೆಯಿಲ್ಲ. 'ರೀ' ಸಮಾನರ ನಡುವಿನ ಮರ್ಯಾದೆ, ಗಂಡ ಹೆಂಡತಿಯ ನಡುವಿನ ಸಲಿಗೆ. ಅದರಲ್ಲಿ ಬೆನ್ನು ಬಾಗುವುದಿಲ್ಲ. 'ಬುದ್ಧೀ' ಅಂದರೆ ಬಾಗುತ್ತದೆ, ಆದರೆ ಹುಟ್ಟಿದಾಗಿನಿಂದ ಬಾಗಿದ ಬೆನ್ನಿನ ಮಾತು ಅದು. ಇವನದು ನಡುವಯಸ್ಸಿನಲ್ಲಿ ಬಾಗಿದ್ದು, ಬಾಗುತ್ತಲೇ ಹಲ್ಲು ಕಡಿಯುವಂಥದ್ದು. 'ಸ್ವಾಮೀ' ಎನ್ನುವುದನ್ನು ವ್ಯಂಗ್ಯವಾಗಿ ಎಳೆದು ಹೇಳಿದರೆ ಹತ್ತಿರ ಬರುತ್ತದೆ ಅಂತ ನನ್ನ ಅಂದಾಜು. ಬರೆದರೆ ಮಾತ್ರ ಆ ಎಳೆತ ಕಾಣುವುದಿಲ್ಲ.

'ನದ್ರೀವ್' ಎಂದೇ ಇಟ್ಟುಕೊಂಡರೇನು ಅಂತ ನೀವು ಕೇಳಬಹುದು. ನಮ್ಮಲ್ಲೂ ಇಬ್ಬರು ಆ ಪಕ್ಷ. ಬರೆದು ಅಚ್ಚು ಹಾಕುವುದಾದರೆ ನಾನೂ ಯೋಚಿಸುತ್ತಿದ್ದೆ. ಆದರೆ ಎದುರು ಕೂತವರಿಗೆ ಕಥೆ ಹೇಳುವಾಗ ರಷ್ಯನ್ ಪದ ನುಂಗಿ ಹೇಳುವುದು ಒಂದು ಥರ ನುಣುಚಿಕೊಳ್ಳುವುದು.

ಅವಸರವೇನೂ ಇಲ್ಲ ಎನ್ನೋಣವೆಂದರೆ, ಇದೆ. ಈ ಕಾದಂಬರಿ ಮೊದಲು ಪತ್ರಿಕೆಯಲ್ಲಿ ಬಂದದ್ದು. ಜನವರಿ 1879ರಿಂದ ನವೆಂಬರ್ 1880ರವರೆಗೆ ಕಂತು ಕಂತಾಗಿ. ಅಂದಿನ ಓದುಗರಿಗೆ ಒಂದು ಪದ ಮೆಲುಕು ಹಾಕಲು ಎಷ್ಟು ದಿನ ಸಿಗುತ್ತಿತ್ತು! ನಮಗೆ ಇರುವುದು ವಾರ. ಮುಂದಿನ ವಾರದ 5ನೇ ಪರ್ವದಲ್ಲಿ ಇವಾನ್ ಇದೇ ಪದವನ್ನು ಮತ್ತೆ ಎತ್ತುತ್ತಾನೆ. ಒಬ್ಬ ಸಂತ ರೋಗದಿಂದ ಕೊಳೆಯುತ್ತಿದ್ದ ಭಿಕ್ಷುಕನನ್ನು ತಬ್ಬಿ ಮಲಗಿ, ಅವನ ಬಾಯಿಗೆ ತನ್ನ ಉಸಿರು ಊದಿದ ಕಥೆ ಹೇಳಿ, ಅದು ಪ್ರೀತಿಯಿಂದಲ್ಲ, 'ಸುಳ್ಳಿನ ನದ್ರೀವ್'ನಿಂದ, ಕರ್ತವ್ಯದ ಅಪ್ಪಣೆಯಾದ ಪ್ರೀತಿಯಿಂದ ಮಾಡಿದ್ದು ಅನ್ನುತ್ತಾನೆ. ಅಂದರೆ ನಿಮ್ಮ ಪದದ ಹಿಂದೆ 'ಸುಳ್ಳಿನ' ಅಂತ ಹಚ್ಚಿದರೂ ಅದು ನಿಲ್ಲಬೇಕು. 'ಸುಳ್ಳಿನ ಬಿರುಕು' ನಿಲ್ಲುವುದಿಲ್ಲ. 'ಸುಳ್ಳಿಗೆ ಎದೆ ಹರಿದುಕೊಂಡ' ಅಂದರೆ ಅರ್ಧ ನಿಲ್ಲುತ್ತದೆ.

ಆ ಅಧ್ಯಾಯ ಹೇಳುವ ಸರದಿ ನನ್ನದು. ಶನಿವಾರದೊಳಗೆ ಏನಾದರೂ ಹೊಳೆದರೆ ತಿಳಿಸಿ.