ಪದಚರ್ಚೆ: ‘ಸಮೀಪದೃಷ್ಟಿ’, ‘ಹ್ರಸ್ವದೃಷ್ಟಿ’, ‘ದೃಷ್ಟಿಕ್ಷೇತ್ರ’ – ತೋಟದವರಿಗೆ ತಿಳಿಯುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ನಾನು ಮಡಿಕೇರಿಯಲ್ಲಿ ಕನ್ನಡಕದ ಕೆಲಸ ಮಾಡುವವನು. ಕಾಫಿ ತೋಟದ ಲೈನ್ ಮನೆಗಳಲ್ಲಿ ಹಂಚಲು ಕಣ್ಣಿನ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಹೀಗಿದೆ: ‘ಸಮೀಪದೃಷ್ಟಿಯಿಂದ ದೃಷ್ಟಿಕ್ಷೇತ್ರ ಕಿರಿದಾಗುವುದಿಲ್ಲ, ಆದರೆ ಪವರ್ ತುಂಬಾ ಜಾಸ್ತಿ ಇದ್ದವರಿಗೆ ಕಿರಿದಾಗುವ ಅಪಾಯ ಇದೆ.’ ದೃಷ್ಟಿಕ್ಷೇತ್ರ ಎಂದರೆ ನೇರ ನೋಡುತ್ತಾ ನಿಂತಾಗ ಸುತ್ತಲೂ ಎಷ್ಟು ಅಗಲಕ್ಕೆ ಕಾಣುತ್ತದೆ ಎನ್ನುವುದು. ವಿಷಯ ಸರಿಯಾಗಿದೆ. ಆದರೆ ಓದಿ ನೋಡಿದ ಒಬ್ಬೊಬ್ಬರೂ ಒಂದೊಂದು ಅರ್ಥ ಹೇಳಿದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ‘ಸಮೀಪದೃಷ್ಟಿ’. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಮಬ್ಬು ಎನ್ನುವುದು ಇದರ ಅರ್ಥ. ಇದರ ಜೊತೆ ‘ದೋಷ’ ಸೇರಿಸಿ ‘ಸಮೀಪದೃಷ್ಟಿ ದೋಷ’ ಎಂದ ಕೂಡಲೇ ಅರ್ಥ ತಿರುಗಿಬಿಡುತ್ತದೆ. ಹತ್ತಿರದ್ದು ಕಾಣದ ದೋಷ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ನಲವತ್ತು ದಾಟಿದವರು ‘ಹಾಗಾದ್ರೆ ಚಾಳೀಸು ಅಲ್ವಾ?’ ಅನ್ನುತ್ತಾರೆ. ಚಾಳೀಸು ಬೇರೆಯೇ ಸಂಗತಿ. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಬಿರುಸಾಗಿ ಹತ್ತಿರದ್ದಕ್ಕೆ ಹೊಂದಿಕೊಳ್ಳದೆ ಇರುವುದು ಅದು. ಇನ್ನು ಸಮೀಪದೃಷ್ಟಿಗೆ ಉಲ್ಟಾ ಆದ ತೊಂದರೆಯನ್ನು ‘ದೂರದೃಷ್ಟಿ’ ಎನ್ನುತ್ತಾರೆ, ಆದರೆ ನಮ್ಮ ಮಾತಿನಲ್ಲಿ ಅದು ಹೊಗಳಿಕೆ. ಮುಂದಾಲೋಚನೆ ಇರುವವರಿಗೆ ಹೇಳುವ ಮಾತನ್ನು ಕಣ್ಣಿನ ತೊಂದರೆಯ ಹೆಸರಾಗಿ ಓದುವುದು ಮಕ್ಕಳಿಗೂ ಕಷ್ಟ. ಸಾಲದ್ದಕ್ಕೆ ಬರೀ ‘ದೃಷ್ಟಿದೋಷ’ ಎಂದು ಬರೆದರೆ ಕಣ್ಣು ಬಿದ್ದಿದೆ, ದೃಷ್ಟಿ ತೆಗೆಯಬೇಕು ಎನ್ನುವ ಕಡೆಗೆ ಮನಸ್ಸು ಹೋಗುತ್ತದೆ.

ಸಮೀಪದೃಷ್ಟಿಗೇ ‘ಹ್ರಸ್ವದೃಷ್ಟಿ’ ಎಂಬ ಇನ್ನೊಂದು ಹೆಸರಿದೆ. ಅದರ ಕಷ್ಟ ಇನ್ನೊಂದು ಬಗೆಯದು. ಪತ್ರಿಕೆಗಳಲ್ಲಿ ‘ಹ್ರಸ್ವದೃಷ್ಟಿಯ ಯೋಜನೆ’, ‘ಸಂಕುಚಿತ ದೃಷ್ಟಿಯ ರಾಜಕಾರಣ’ ಎಂದು ಎರಡನ್ನೂ ಹೆಚ್ಚುಕಡಿಮೆ ಒಂದೇ ಬೈಗುಳದ ಹಾಗೆ ಬಳಸುತ್ತೇವೆ. ಕಣ್ಣಿನ ವಿಷಯಕ್ಕೆ ಬಂದರೆ ಇವೆರಡೂ ಬೇರೆ ಬೇರೆ. ಹ್ರಸ್ವ ಅಂದರೆ ಉದ್ದದಲ್ಲಿ ಗಿಡ್ಡ. ಸಂಕುಚಿತ ಅಂದರೆ ಅಗಲದಲ್ಲಿ ಕಿರಿದು. ನೋಟ ಎಷ್ಟು ದೂರದವರೆಗೆ ನಿಚ್ಚಳವಾಗಿದೆ ಎನ್ನುವುದು ಒಂದು ಲೆಕ್ಕ. ಎಷ್ಟು ಅಗಲಕ್ಕೆ ಹರಡಿದೆ ಎನ್ನುವುದು ಇನ್ನೊಂದು. ನನ್ನ ಕರಪತ್ರ ಎಡವುತ್ತಿರುವುದು ಇಲ್ಲೇ.

ಅಂಕಿಗಳಲ್ಲಿ ಹೇಳಿದರೆ ಸ್ಪಷ್ಟವಾದೀತು. ಮೈನಸ್ 1 ಪವರ್ ಇರುವ ಕಣ್ಣಿಗೆ ಕನ್ನಡಕ ಇಲ್ಲದೆ 1 ಮೀಟರ್ ತನಕ ನಿಚ್ಚಳ. ಮೈನಸ್ 2 ಇದ್ದರೆ ಅರ್ಧ ಮೀಟರ್. ಮೈನಸ್ 4 ಇದ್ದರೆ 25 ಸೆಂಟಿಮೀಟರ್ ಅಷ್ಟೆ, ಅದರಾಚೆ ಎಲ್ಲ ಮಬ್ಬು. ಇದು ಉದ್ದದ ಲೆಕ್ಕ. ಅಗಲದ ಲೆಕ್ಕದಲ್ಲಿ, ನೇರ ಮುಂದೆ ನೋಡುತ್ತಾ ನಿಂತ ಒಂದು ಕಣ್ಣಿಗೆ ಕಿವಿಯ ಕಡೆ ಸುಮಾರು 100 ಡಿಗ್ರಿ, ಮೂಗಿನ ಕಡೆ 60, ಮೇಲಕ್ಕೆ 60, ಕೆಳಕ್ಕೆ 70ರಿಂದ 75 ಡಿಗ್ರಿವರೆಗೆ ಕಾಣುತ್ತದೆ. ಸಾಮಾನ್ಯ ಸಮೀಪದೃಷ್ಟಿ ಈ ಎಲ್ಲೆಗಳನ್ನು ಒಳಕ್ಕೆ ತಳ್ಳುವುದಿಲ್ಲ. ರಾಜಾಸೀಟಿನಲ್ಲಿ ಮಂಜು ಇಳಿದಾಗ ಎದುರಿನ ಬೆಟ್ಟಸಾಲು ಮಾಯವಾಗುತ್ತದೆ, ಆದರೆ ಎಡಬಲದಲ್ಲಿ ನಿಂತವರು ಎಂದಿನಂತೆ ಕಾಣುತ್ತಿರುತ್ತಾರಲ್ಲ, ಸುಮಾರು ಹಾಗೆ.

ಪಕ್ಕದ ನೋಟಕ್ಕೆ ಮಬ್ಬಿನಿಂದ ಅಷ್ಟು ನಷ್ಟ ಆಗದಿರಲು ಇನ್ನೊಂದು ಕಾರಣವೂ ಇದೆ. ಆ ನೋಟ ಯಾರಿಗಾದರೂ ಮೊದಲಿನಿಂದಲೇ ಒರಟು. ಅಕ್ಷರ ಓದುವ, ಮುಖ ಗುರುತಿಸುವ ಸೂಕ್ಷ್ಮ ಇರುವುದು ನಡುಭಾಗಕ್ಕೆ ಮಾತ್ರ. ಅಂಚಿನ ಕೆಲಸ ಅಲುಗಾಟ ಹಿಡಿಯುವುದು. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಪಕ್ಕದ ಕಾಫಿ ಗಿಡಗಳ ನಡುವೆ ಏನೋ ಅಲುಗಿತು ಎನ್ನುವುದು ಕನ್ನಡಕ ಹಾಕದ ಮೈನಸ್ 4ರವರಿಗೂ ಗೊತ್ತಾಗುತ್ತದೆ. ಆ ಕಡೆ ತಿರುಗಿ ನೋಡಿದಾಗ ಅದು ಆನೆಯೋ, ಬಂಡೆಯೋ, ಬರೀ ನೆರಳೋ ಎಂದು ಹೇಳಲು ಆಗುವುದಿಲ್ಲ. ನಮ್ಮ ಕಡೆ ಇದು ಜೀವದ ಪ್ರಶ್ನೆ. ಆದ್ದರಿಂದ ‘ಕ್ಷೇತ್ರ ಕಿರಿದಾಗುವುದಿಲ್ಲ’ ಎಂಬ ಮಾತನ್ನು ಯಾರೂ ಕನ್ನಡಕ ಬೇಡ ಎಂದು ಓದಿಕೊಳ್ಳಬಾರದು.

ಸಮೀಪದೃಷ್ಟಿಯಿಂದ ನೋಟದ ಅಗಲ ಕಿರಿದಾಗುತ್ತದೆ ಎಂಬ ಗೊಂದಲ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸದಿಂದಲೂ ಬಂದಿರಬಹುದು. ರೆಪ್ಪೆ ಅರೆಮುಚ್ಚಿದರೆ ಬೆಳಕು ಸಣ್ಣ ಸಂದಿಯಿಂದ ಒಳಗೆ ಬರುತ್ತದೆ, ಮಬ್ಬು ಸ್ವಲ್ಪ ಕಡಿಮೆಯಾಗುತ್ತದೆ. ಸಮೀಪದೃಷ್ಟಿಗೆ ಇಂಗ್ಲಿಷಿನಲ್ಲಿರುವ ಮಯೋಪಿಯಾ ಎಂಬ ಗ್ರೀಕ್ ಮೂಲದ ಹೆಸರು ಹುಟ್ಟಿದ್ದೂ ಕಣ್ಣು ಮುಚ್ಚುವ ಈ ಕ್ರಿಯೆಯಿಂದಲೇ. ಹಾಗೆ ನೋಡುವಾಗ ಮೇಲೆ ಕೆಳಗೆ ನೋಟ ನಿಜವಾಗಿಯೂ ಕತ್ತರಿಸಿಹೋಗುತ್ತದೆ, ಆದರೆ ಅದು ರೆಪ್ಪೆಯ ಕೆಲಸ.

ಕನ್ನಡಕ ಹಾಕಿದ ಮೇಲಿನ ಕತೆ ನನಗೆ ಪ್ರತಿದಿನ ಎದುರಾಗುವಂಥದ್ದು. ಮೈನಸ್ ಗಾಜು ಎಲ್ಲವನ್ನೂ ಸ್ವಲ್ಪ ಚಿಕ್ಕದು ಮಾಡಿ ತೋರಿಸುತ್ತದೆ. ಹಾಗಾಗಿ ಖಾಲಿ ಫ್ರೇಮಿನೊಳಗೆ ಕಾಣುವುದಕ್ಕಿಂತ ತುಸು ಜಾಸ್ತಿ ಅಗಲ ಗಾಜಿನೊಳಗೆ ಹಿಡಿಯುತ್ತದೆ. ಇದರಿಂದ ಫ್ರೇಮಿನ ಅಂಚಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಅಲ್ಲಿರುವ ವಸ್ತು ಗಾಜಿನೊಳಗೆ ಒಮ್ಮೆ ನಿಚ್ಚಳವಾಗಿ, ಗಾಜಿನ ಹೊರಗೆ ಇನ್ನೊಮ್ಮೆ ಮಬ್ಬಾಗಿ ಕಾಣುತ್ತದೆ. ಪವರ್ ಜಾಸ್ತಿಯಾದಷ್ಟೂ ಇದು ಎದ್ದು ಕಾಣುತ್ತದೆ. ರಾತ್ರಿ ಸಂಪಾಜೆ ಘಾಟಿಯ ತಿರುವುಗಳಲ್ಲಿ ಗಾಡಿ ಓಡಿಸುವವರು ‘ಸೈಡಲ್ಲಿ ಲೈಟ್ ಎರಡೆರಡು ಕಾಣ್ತದೆ’ ಅಂದರೆ ಇದೂ ಒಂದು ಕಾರಣ ಇರಬಹುದು. ದಪ್ಪ ಪ್ಲಸ್ ಗಾಜಿನದು ಇದಕ್ಕೆ ಉಲ್ಟಾ. ಅಂಚಿನ ಸುತ್ತ ಒಂದು ಬಳೆಯಷ್ಟು ಜಾಗ ಕಾಣದೇ ಹೋಗುತ್ತದೆ. ಪೊರೆ ತೆಗೆದು ಒಳಗೆ ಮಸೂರ ಕೂರಿಸದ ಹಿಂದಿನ ಕಾಲದ ಆಪರೇಷನ್ ಆದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ತಿರುಗುವುದರಿಂದ ಅದಕ್ಕೆ ಈ ಅಂಚಿನ ತೊಂದರೆ ಇಲ್ಲ.

ಈಗ ವಾಕ್ಯದ ಎರಡನೇ ಅರ್ಧಕ್ಕೆ ಬರುತ್ತೇನೆ. ಸರಿಯಾದ ಪದ ಬೇಕೇ ಬೇಕು ಎನ್ನುವುದು ಇದಕ್ಕಾಗಿ. ಸಮೀಪದೃಷ್ಟಿ ಇರುವ ಹೆಚ್ಚಿನವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಉದ್ದ ಬೆಳೆದಿರುತ್ತದೆ. ನೋಟ ಹ್ರಸ್ವ, ಕಣ್ಣು ದೀರ್ಘ! ಬೆಳೆದವರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು 1 ಮಿಲಿಮೀಟರ್ ಹೆಚ್ಚಿದರೆ ಮೈನಸ್ ಪವರ್ ಎರಡೂವರೆಯಿಂದ ಮೂರು ಅಂಕ ಏರುತ್ತದೆ. ಮೈನಸ್ 6 ಮತ್ತು ಅದಕ್ಕಿಂತ ಜಾಸ್ತಿ ಇರುವ ಕಣ್ಣಿನಲ್ಲಿ ಹಿಂದಿನ ಪದರ, ಅಂದರೆ ರೆಟಿನಾ, ಎಳೆದು ತೆಳ್ಳಗಾಗಿರಬಹುದು. ತೆಳ್ಳಗಾದದ್ದು ಹರಿಯಬಹುದು, ಹರಿದದ್ದು ಕಳಚಿಕೊಳ್ಳಬಹುದು. ಕಳಚಿದ ಕಡೆಯ ನೋಟ ಹೋಗುತ್ತದೆ. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ರೆಟಿನಾದ ಮೇಲ್ಭಾಗ ಕಳಚಿದರೆ ನೆರಳು ಕೆಳಗಿನಿಂದ ಏರುತ್ತದೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಎಂಬ ಕಾಯಿಲೆ ಬರುವ ಸಂಭವವೂ ಇಂಥವರಿಗೆ ಜಾಸ್ತಿ. ಅದು ಸಾಮಾನ್ಯವಾಗಿ ನೋವಿಲ್ಲದೆ ನಡುಭಾಗವನ್ನು ಬಿಟ್ಟು ಸುತ್ತಲಿನ ನೋಟವನ್ನು ಮೊದಲು ತಿನ್ನುತ್ತದೆ. ಗೋಡೆಯ ಮೇಲಿನ ಅಕ್ಷರದ ಚಾರ್ಟ್ ನಡುಭಾಗದ ನೋಟವನ್ನಷ್ಟೇ ಅಳೆಯುತ್ತದೆ. ಕೊನೇ ಸಾಲು ಓದಿದವರ ಪಕ್ಕದ ನೋಟ ಅರ್ಧ ಹೋಗಿರಬಹುದು. ಅದನ್ನು ಹಿಡಿಯಲು ಬೇರೆ ಪರೀಕ್ಷೆಯೇ ಬೇಕು. ಬಟ್ಟಲಿನಂಥ ಯಂತ್ರದ ಮುಂದೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಅದು.

ಹೀಗೆ ನೋಟ ಒಂದು ಕಡೆಯಿಂದ ಹೋಗತೊಡಗಿದಾಗ ಜನ ಹೇಳುವುದು ಎರಡು ಮಾತು. ಒಂದು, ‘ಪವರ್ ಜಾಸ್ತಿ ಆಗಿರ್ಬೇಕು’. ಇನ್ನೊಂದು, ‘ಪೊರೆ ಬಂದಿರ್ಬೇಕು’. ಎರಡೂ ಅವರನ್ನು ತಪ್ಪು ದಾರಿಗೆ ಹಚ್ಚುತ್ತವೆ. ಪವರ್ ಎಂದುಕೊಂಡವರು ನನ್ನಂಥವರ ಅಂಗಡಿಗೆ ಬರುತ್ತಾರೆ. ಪೊರೆ ಎಂದುಕೊಂಡವರು ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾರೆ. ಪೊರೆ ಸಾಮಾನ್ಯವಾಗಿ ಕಾಯುತ್ತದೆ, ಕಳಚುತ್ತಿರುವ ರೆಟಿನಾ ಕಾಯುವುದಿಲ್ಲ. ಹಾಗಾಗಿ ಕರಪತ್ರದಲ್ಲಿ ‘ಪೊರೆ’ ಎಂಬ ಮಾತನ್ನು ಇಲ್ಲಿ ತರಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ‘ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲು’ ಎಂದು ಬರೆಯುತ್ತೇನೆ.

ಉಳಿದದ್ದು ‘ದೃಷ್ಟಿಕ್ಷೇತ್ರ’. ಪುಸ್ತಕದಲ್ಲಿ ಅದು ಇರಲಿ, ತಕರಾರಿಲ್ಲ. ಆದರೆ ಕ್ಷೇತ್ರ ಎಂದರೆ ನಮ್ಮವರಿಗೆ ತಲಕಾವೇರಿಯೋ ವಿಧಾನಸಭೆಯ ಕ್ಷೇತ್ರವೋ ನೆನಪಾಗುತ್ತದೆ. ‘ದೃಷ್ಟಿವ್ಯಾಪ್ತಿ’ ಎಂದರೆ ದೂರವೂ ಅದರಲ್ಲಿ ಸೇರಿಹೋಗುತ್ತದೆ. ‘ಕಣ್ಣು ಹಾಯುವಷ್ಟು’ ಅಂತೂ ಪೂರ್ತಿ ದೂರದ ಮಾತು. ‘ಕಣ್ಣಳತೆ’ಗೆ ಅಂದಾಜು ಎಂಬ ಅರ್ಥ ಆಗಲೇ ಇದೆ. ನನ್ನ ಮನಸ್ಸು ‘ನೋಟದ ಹರವು’ ಎನ್ನುವ ಕಡೆಗಿದೆ. ಹರವು ಎಂದರೆ ಅಗಲ, ಬೇರೆ ಅರ್ಥಕ್ಕೆ ಎಡೆ ಕಡಿಮೆ. ಅಂಚಿನ ಭಾಗಕ್ಕೆ ‘ಪಕ್ಕದ ನೋಟ’ ಸಾಕು. ‘ಓರೆನೋಟ’ ಬೇಡ, ಅದರಲ್ಲಿ ಬೇಕೆಂದೇ ನೋಡುವ ಭಾವ ಇದೆ. ಸಮೀಪದೃಷ್ಟಿಗೆ ಹೆಸರನ್ನೇ ಬಿಟ್ಟು ‘ದೂರದ್ದು ಮಬ್ಬು ಕಾಣುವುದು’ ಎಂದು ಬಿಡಿಸಿ ಹೇಳುವುದೇ ವಾಸಿ ಅನ್ನಿಸುತ್ತದೆ.

ಹಾಗೆ ತಿದ್ದಿದರೆ ಕರಪತ್ರದ ಮಾತು ಹೀಗಾಗುತ್ತದೆ: ‘ದೂರದ್ದು ಮಬ್ಬು ಕಂಡರೆ ಕನ್ನಡಕ ಬೇಕಾಗಿರಬಹುದು, ಕಣ್ಣು ತೋರಿಸಿ. ಪಕ್ಕದ ನೋಟ ಕಡಿಮೆಯಾದರೆ ಅದು ಕನ್ನಡಕದಿಂದ ಸರಿಹೋಗುವುದಿಲ್ಲ. ದಪ್ಪ ಮೈನಸ್ ಕನ್ನಡಕ ಹಾಕುವವರಿಗೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಹಾರಾಡಿದರೆ, ಅಂಚಿನಲ್ಲಿ ಬೆಳಕು ಮಿಂಚಿದರೆ, ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.’

ನಿಮ್ಮಲ್ಲಿ ನನ್ನ ಪ್ರಶ್ನೆಗಳು ಇವು. ‘ನೋಟದ ಹರವು’ ಎಂದರೆ ನಿಮ್ಮ ಊರಿನಲ್ಲಿ ಥಟ್ಟನೆ ಅಗಲ ಎಂದೇ ಅರ್ಥ ಆಗುತ್ತದೆಯೇ? ಪಕ್ಕದಿಂದ ಬಂದದ್ದು ಕಾಣದವರ ಬಗ್ಗೆ ನಿಮ್ಮ ಮನೆಯ ಹಿರಿಯರು ಏನೆಂದು ಹೇಳುತ್ತಿದ್ದರು? ಇರುಳುಗಣ್ಣು, ಮೆಳ್ಳಗಣ್ಣು ಎಂಬ ಹಾಗೆ ಇದಕ್ಕೂ ಒಂದು ಹಳೆಯ ಮಾತು ಎಲ್ಲೋ ಉಳಿದಿರಬಹುದು ಎಂಬ ಆಸೆ ನನಗಿದೆ. ಕೊಡವ ತಕ್ಕ್, ಅರೆಭಾಷೆ, ತುಳು ಮನೆಮಾತಿನವರು ದಯವಿಟ್ಟು ನಿಮ್ಮ ಕಡೆಯ ಪದಗಳನ್ನೂ ಬರೆಯಿರಿ. ಕರಪತ್ರ ಓದುವ ಮನೆಗಳಲ್ಲಿ ಅವೆಲ್ಲವನ್ನೂ ಆಡುವವರಿದ್ದಾರೆ, ಒಳ್ಳೆಯ ಪದ ಸಿಕ್ಕರೆ ಕನ್ನಡದ ಪಕ್ಕದಲ್ಲೇ ಅಚ್ಚು ಹಾಕಿಸುತ್ತೇನೆ.