1963ರ ಇ-ಟೈಪ್ ನೋಡಿ ಬಂದೆ, ಎರಡನೇ ಸಲ ಹೋದಾಗ ಎಲ್ಲಿಂದ ಶುರು ಮಾಡಲಿ?

ನೀಲಿಬಾನೆಟ್

ಎಲ್ಲರಿಗೂ ನಮಸ್ಕಾರ. ಜಾಗ್ವಾರ್ ಇ-ಟೈಪ್ ಒಂದನ್ನು ಕೊಳ್ಳಬೇಕು ಅಂತ ಹನ್ನೊಂದು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇನೆ. ಮೊನ್ನೆ ಭಾನುವಾರ ಒಂದು ಕಾರು ನೋಡಿ ಬಂದೆ. 1963ರದ್ದು, ಮೊದಲ ಸರಣಿ, 3.8 ಲೀಟರ್. ತೆರೆದ ಟಾಪಿನ ರೋಡ್‌ಸ್ಟರ್ ಅಲ್ಲ, ಗಟ್ಟಿ ಟಾಪಿನ ಕೂಪೆ. ಗಾಜಿನ ಮುಚ್ಚಳದ ಹೆಡ್‌ಲೈಟ್, ಮೂರು ಎಸ್‌ಯು ಕಾರ್ಬ್ಯುರೇಟರ್, ಮಾಸ್ ಗೇರ್‌ಬಾಕ್ಸ್, ಎಲ್ಲ ಹಾಗೇ ಇದೆ. ನೋಡಿದ ಕೂಡಲೇ ಮನಸ್ಸು ಹೋಗಿಬಿಟ್ಟಿತು. ಅದಕ್ಕೇ ಹೆದರಿಕೆ. ಇಷ್ಟೊಂದು ಇಷ್ಟವಾದ ಮೇಲೆ ಅದರ ಹುಳುಕು ನನ್ನ ಕಣ್ಣಿಗೆ ಬೀಳುವುದು ಕಷ್ಟ.

ಬರೆದುಕೊಂಡು ಬಂದದ್ದು ಇಷ್ಟು. ಬಲಗಡೆ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ಲಾಕ್ ಬೀಳುತ್ತದೆ. ಎಡಗಡೆಯದು ಸಲೀಸಾಗಿ ಮುಚ್ಚುತ್ತದೆ. ಬಾನೆಟ್ ಬಾಡಿಗೆ ಸೇರುವ ಕಡೆ ಸಂದು ಒಂದು ಬದಿ ಕಿರಿದು, ಇನ್ನೊಂದು ಬದಿ ಅಗಲ. ಕಾರಿನ ಅಡಿಗೆ ಪೂರ್ತಿ ದಪ್ಪ ಕಪ್ಪು ಅಂಡರ್‌ಕೋಟ್, ಇತ್ತೀಚೆಗೆ ಹೊಡೆದ ಹಾಗಿದೆ. ನಾನು ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಬಿಸಿಯಾಗಿತ್ತು. ಹತ್ತು ನಿಮಿಷ ಓಡಿಸಿ ನಿಲ್ಲಿಸಿದಾಗ ಐಡಲಿನಲ್ಲಿ ಆಯಿಲ್ ಪ್ರೆಷರ್ ಮುಳ್ಳು 20ರ ಹತ್ತಿರ ಇತ್ತು. ಮೊದಲ ಗೇರಿನಲ್ಲಿ ಕುಂಯ್ ಅಂತ ಜೋರು ಸದ್ದು. ಹೊರಡುವಾಗ ಹಿಂದಿನಿಂದ ಒಂದು ಟಕ್. ಬ್ಲಾಕ್ ಮೇಲಿನ ಎಂಜಿನ್ ನಂಬರ್, ಕಾರಿನ ಗುರುತಿನ ಪ್ಲೇಟಿನಲ್ಲಿ ಬರೆದಿರುವ ಎಂಜಿನ್ ನಂಬರಿಗೆ ಸರಿಹೋಗುತ್ತದೆ, ಸಿಲಿಂಡರ್ ಹೆಡ್ ಮೇಲಿನದು ಬೇರೆ.

ಮಾರುವವರು ಒಳ್ಳೆಯವರ ಹಾಗೆ ಕಾಣುತ್ತಾರೆ. "ಇನ್ನೊಮ್ಮೆ ಬನ್ನಿ, ಎಷ್ಟು ಹೊತ್ತು ಬೇಕಾದರೂ ನೋಡಿ" ಅಂದರು. ಎಲ್ಲಿಂದ ಶುರು ಮಾಡಲಿ? ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ತಂತಿಚಕ್ರ

ಹೆದರಬೇಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಮೊದಲ ಗೇರಿನ ಆ ಸದ್ದು ಮಾಸ್ ಗೇರ್‌ಬಾಕ್ಸಿನ ಹುಟ್ಟುಗುಣ. ಅದರ ಮೊದಲ ಗೇರಿಗೆ ಸಿಂಕ್ರೋಮೆಶ್ (ಹಲ್ಲುಗಳ ವೇಗ ಹೊಂದಿಸಿ ಗೇರ್ ಸಲೀಸಾಗಿ ಬೀಳುವ ಹಾಗೆ ಮಾಡುವ ಏರ್ಪಾಡು) ಇಲ್ಲ. ಕಾರು ಪೂರ್ತಿ ನಿಂತ ಮೇಲೆ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಎರಡಕ್ಕೋ ಮೂರಕ್ಕೋ ಹಾಕುವಾಗ ಗರ್ ಅಂದರೆ, ಅಥವಾ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಗೇರ್ ತಾನಾಗಿ ಹೊರಗೆ ಬಂದರೆ, ಆಗ ಯೋಚಿಸಿ.

ಆದರೆ ಆ ಬಲಗಡೆ ಬಾಗಿಲು ಓದಿ ನನಗೆ ಸಮಾಧಾನ ಇಲ್ಲ.

ಇ-ಟೈಪಿಗೆ ಬೇರೆ ಚಾಸಿ ಇಲ್ಲ. ಕೂರುವ ಭಾಗ ಮತ್ತು ಹಿಂಭಾಗ ಸೇರಿ ತಗಡಿನ ಒಂದು ಪೆಟ್ಟಿಗೆ. ಅದರ ಮುಂದಕ್ಕೆ ಸಣ್ಣ ಕೊಳವೆಗಳ ಫ್ರೇಮನ್ನು ಬೋಲ್ಟ್ ಹಾಕಿ ಕೂರಿಸಿದ್ದಾರೆ. ಎಂಜಿನ್, ಮುಂದಿನ ಸಸ್ಪೆನ್ಷನ್, ಅಷ್ಟುದ್ದದ ಬಾನೆಟ್, ಎಲ್ಲವನ್ನೂ ಆ ಕೊಳವೆಗಳೇ ಹೊರುತ್ತವೆ. ಪೆಟ್ಟಿಗೆಗೆ ಬೆನ್ನೆಲುಬು ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಎರಡು ಸಿಲ್‌ಗಳು. ಸಿಲ್ ತುಕ್ಕು ಹಿಡಿದರೆ ನಡು ಬಾಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ.

ನಾನು ಮೊದಲು ಕೊಂಡದ್ದು 1964ರ ರೋಡ್‌ಸ್ಟರ್. ಪೇಂಟ್ ಕನ್ನಡಿಯ ಹಾಗಿತ್ತು. ಬಾಗಿಲ ಸಂದು ಅಳತೆ ಹಿಡಿದ ಹಾಗೆ ಸಮ. ಮನೆಗೆ ತಂದ ವಾರದಲ್ಲೇ ಜಾಕ್ ಹಾಕಿ ಎತ್ತಿದೆ. ಸೀಟಿನ ಮೇಲಿಟ್ಟಿದ್ದ ಸ್ಪ್ಯಾನರ್ ತಗೊಳ್ಳಲು ಬಾಗಿಲು ಎಳೆದರೆ ಬರಲಿಲ್ಲ. ಕಾರನ್ನು ಕೆಳಗಿಳಿಸಿದೆ, ತೆರೆಯಿತು. ಮತ್ತೆ ಎತ್ತಿದೆ, ಮತ್ತೆ ಕಚ್ಚಿಕೊಂಡಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೊಯ್ದು ನೋಡಿದಾಗ ಸಿಲ್‌ನ ಹೊರತಗಡು ಹೊಸದು, ಒಳತಗಡು ಹಪ್ಪಳ. ಯಾವುದೋ ಗ್ಯಾರೇಜಿನವರು ಕೊಳೆತದ್ದನ್ನು ತೆಗೆಯದೆ ಅದರ ಮೇಲೇ ಹೊಸ ತಗಡು ಬೆಸೆದಿದ್ದರು. ಬೆಸೆಯುವಾಗ ಬಾಡಿಗೆ ಒಳಗಿನಿಂದ ಆಧಾರವನ್ನೂ ಕೊಟ್ಟಿರಲಿಲ್ಲ. ಆಮೇಲೆ ಸಂದನ್ನು ಪುಟ್ಟಿ ಹಾಕಿ ತಿದ್ದಿದ್ದರು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಆ ಕಾರು ಮತ್ತೆ ರಸ್ತೆಗೆ ಬರಲು ಎರಡು ವರ್ಷ ಹಿಡಿಯಿತು.

ನಿಮ್ಮದು ಕೂಪೆ. ಮೇಲೆ ಟಾಪ್ ಹಿಡಿದುಕೊಂಡಿರುವುದರಿಂದ ಇಷ್ಟು ಬಾಗುವುದಿಲ್ಲ. ಆದರೆ ಅದೇ ಕಾರಣಕ್ಕೆ ಹುಳುಕು ಬೇಗ ಹೊರಗೆ ತೋರುವುದೂ ಇಲ್ಲ. ಹೀಗೆ ಮಾಡಿ. ಬಾಗಿಲನ್ನು ಅರ್ಧ ತೆರೆದು ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಸಿಕ್ಕರೆ ಹಿಂಜ್ ಸವೆದಿದೆ, ಅದು ಚಿಕ್ಕ ಕೆಲಸ. ಹಿಂಜ್ ಬಿಗಿಯಾಗಿದ್ದೂ ಬಾಗಿಲು ಕೆಳಗೆ ಕೂರುತ್ತಿದ್ದರೆ ಸಿಲ್ ಕಡೆ ನೋಡಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ, ಹಿಂದಿನ ಚಕ್ರದ ಕಮಾನಿನ ಸುತ್ತಲೂ, ಬಾಗಿಲ ತಳದಲ್ಲೂ ಎಳೆಯಿರಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ಇದೆ.

ಅಡಿಯಲ್ಲಿ ಮುಖ್ಯವಾದ ಜಾಗ ಇನ್ನೊಂದಿದೆ. ಹಿಂದಿನ ಸಸ್ಪೆನ್ಷನ್‌ನ ರೇಡಿಯಸ್ ಆರ್ಮ್‌ಗಳು ಫ್ಲೋರಿಗೆ ಸೇರುವ ಕಡೆ. ಹಿಂದಿನ ಚಕ್ರದ ಎಳೆತ ಪೂರ್ತಿ ಅಲ್ಲಿಗೇ ಬೀಳುತ್ತದೆ, ಕೊಳೆಯುವುದೂ ಅಲ್ಲೇ. ಹೊಸ ಅಂಡರ್‌ಕೋಟ್ ನನಗೆ ಇಷ್ಟವಿಲ್ಲ. ಕೆಟ್ಟ ಉದ್ದೇಶದಿಂದಲೇ ಹೊಡೆದಿದ್ದಾರೆ ಅಂತಲ್ಲ. ಆದರೆ ಅದರ ಕೆಳಗೆ ಏನಿದೆ ಅಂತ ನೋಡದೆ ದುಡ್ಡು ಕೊಡಬೇಡಿ. ನಾಲ್ಕು ಕಡೆ ಉಗುರಿನಷ್ಟಗಲ ಕೆರೆದು ನೋಡಲು ಮರ್ಯಾದೆಯಿಂದ ಅನುಮತಿ ಕೇಳಿ.

ಕೊನೆಗೆ ಮುಂದಿನ ಫ್ರೇಮ್. ರೆನಾಲ್ಡ್ಸ್ 541 ಉಕ್ಕಿನ ಕೊಳವೆ ಅವು. ಸೈಕಲ್ ಫ್ರೇಮಿನ ಕೊಳವೆಗೆ ಹೆಸರಾದ ಅದೇ ರೆನಾಲ್ಡ್ಸ್. ಗೋಡೆ ತೆಳು, ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟ್ ಚೆನ್ನಾಗಿದ್ದೂ ಕೊಳವೆ ಟೊಳ್ಳಾಗಿರಬಹುದು. ಬ್ಯಾಟರಿ ಕೂರುವ ಕಡೆ, ಕೊಳವೆಗಳು ಕೂಡುವ ಮೂಲೆಗಳಲ್ಲಿ, ಬಾಡಿಗೆ ಬೋಲ್ಟ್ ಆಗುವ ಕಡೆ ಟಾರ್ಚ್ ಹಿಡಿದು ನೋಡಿ. ತೇಪೆ ಹಾಕಿ ವೆಲ್ಡಿಂಗ್ ಮಾಡಿದ್ದು ಕಂಡರೆ ಆ ಫ್ರೇಮ್ ಹೋಯಿತು ಅಂತಲೇ ಲೆಕ್ಕ. ಅದನ್ನು ಬದಲಾಯಿಸಬೇಕೇ ಹೊರತು ರಿಪೇರಿ ಮಾಡಬಾರದು.

ಮೂರುಕಾರ್ಬ್

ತಂತಿಚಕ್ರ ಸರ್ ಬಾಡಿ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದು ಒಂದೇ, ಬಾನೆಟ್. ಅದು ಒಂದೇ ತುಂಡಿನ ಹಾಗೆ ಕಂಡರೂ ಹಲವು ತುಂಡು ಜೋಡಿಸಿ ಮಾಡಿದ್ದು. ಮೂಗಿನ ಕೆಳಭಾಗದಲ್ಲಿ ಸುಕ್ಕು, ಹೊಸ ವೆಲ್ಡಿಂಗ್ ಇದೆಯಾ ನೋಡಿ. ಸಂದು ಓರೆ ಇರುವುದಕ್ಕೆ ಹಿಂಜ್ ಹತ್ತಿರದ ಶಿಮ್ (ಅಳತೆ ಹೊಂದಿಸಲು ಇಡುವ ತೆಳು ಬಿಲ್ಲೆ) ಹೊಂದಾಣಿಕೆ ಕಾರಣ ಇರಬಹುದು, ಹಳೆಯ ಅಪಘಾತವೂ ಇರಬಹುದು. ಅಪಘಾತ ಆಗಿದ್ದರೆ ಕೊಳವೆ ಫ್ರೇಮಿಗೂ ಪೆಟ್ಟು ಬಿದ್ದಿರುತ್ತದೆ.

ಎಂಜಿನ್ ವಿಷಯಕ್ಕೆ ಬರುತ್ತೇನೆ. ಎಕ್ಸ್‌ಕೆ ಎಂಜಿನ್, 3781 ಸಿಸಿ, ಆರು ಸಿಲಿಂಡರ್, ಮೇಲೆ ಎರಡು ಕ್ಯಾಮ್‌ಶಾಫ್ಟ್. ಗಟ್ಟಿಮುಟ್ಟಾದ ಎಂಜಿನ್. ಐಡಲಿನಲ್ಲಿ 20 ಅಂದರೆ ಗಾಬರಿ ಬೇಡ. ಚೆನ್ನಾಗಿ ಬಿಸಿಯಾದ ಮೇಲೆ 3000 ಆರ್‌ಪಿಎಂನಲ್ಲಿ 40 ಪಿಎಸ್‌ಐ ಹತ್ತಿರ ಇದೆಯಾ ಅನ್ನುವುದೇ ಮುಖ್ಯ. ಅದನ್ನು ನೀವು ಬರೆದಿಲ್ಲ. ಡ್ಯಾಷ್‌ಬೋರ್ಡಿನ ಗೇಜ್ ಸುಳ್ಳು ಹೇಳುವುದುಂಟು, ಆಗುವುದಾದರೆ ಬೇರೆ ಗೇಜ್ ಹಾಕಿ ಅಳೆಯಿರಿ.

ಹೋಗುವ ಮುಂಚೆ ಫೋನ್ ಮಾಡಿ "ದಯವಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ, ತಣ್ಣಗಿರಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಮುಂಭಾಗಕ್ಕೆ ಕಿವಿಗೊಡಿ. ಕೆಳಗಿನ ಟೈಮಿಂಗ್ ಚೈನ್ ಲೊಟಲೊಟ ಅಂದರೆ ಜೋಪಾನ, ಅದನ್ನು ಸರಿ ಮಾಡಲು ಎಂಜಿನ್ ಕೆಳಗಿಳಿಸಬೇಕಾಗುತ್ತದೆ. ಕ್ಲಚ್ ಕೂಡ ಹಾಗೇ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೆ ಹೊರಬರಬೇಕು. ಆದ್ದರಿಂದ ಕ್ಲಚ್ ಜಾರುತ್ತದಾ ಅಂತ ಮೇಲಿನ ಗೇರಿನಲ್ಲಿ ಗಟ್ಟಿಯಾಗಿ ಒತ್ತಿ ನೋಡಿ. ಎಂಜಿನ್ನಿನ ಹಿಂದಿನಿಂದ ನಾಲ್ಕು ಹನಿ ಆಯಿಲ್ ಬಿದ್ದರೆ ಬಿಡಿ. ಟ್ರಾಫಿಕ್ಕಿನಲ್ಲಿ ನಿಂತ ಹಾಗೆ ಇಪ್ಪತ್ತು ನಿಮಿಷ ಐಡಲಿನಲ್ಲಿ ಬಿಟ್ಟು ಟೆಂಪರೇಚರ್ ಮುಳ್ಳು ನೋಡಿ. ಫ್ಯಾನ್ ತಾನಾಗಿ ತಿರುಗಬೇಕು.

ಆ ಟಕ್ ಸದ್ದಿಗೆ ಎರಡು ಮೂರು ಕಾರಣ ಇರಬಹುದು. ಮೊದಲು ತಂತಿ ಚಕ್ರಗಳನ್ನು ನೋಡಿ. ಚಕ್ರ ಎತ್ತಿ, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ, ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ. ಬ್ರೇಕ್ ಹಿಡಿದಿದ್ದೂ ಚಕ್ರ ಆಡಿದರೆ ಚಕ್ರ ಕೂರುವ ಹಬ್ಬಿನ ಸ್ಪ್ಲೈನ್ ಹಲ್ಲು ಸವೆದಿದೆ. ಅಲ್ಲಿ ಸರಿಯಿದ್ದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್, ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟನ್ನು (ಕೇಜ್) ಹಿಡಿದಿರುವ ರಬ್ಬರ್ ಮೌಂಟ್. ಅಲ್ಲಿದ್ದ ಹಾಗೇ ಹಿಂದಿನ ಬ್ರೇಕ್ ಡಿಸ್ಕ್‌ಗಳನ್ನೂ ನೋಡಿ. ಅವು ಚಕ್ರದ ಒಳಗಿಲ್ಲ, ಡಿಫರೆನ್ಷಿಯಲ್ ಪಕ್ಕಕ್ಕೆ ಅಂಟಿಕೊಂಡಿವೆ. ಡಿಫರೆನ್ಷಿಯಲ್ ಸೀಲ್ ಹೋದರೆ ಆಯಿಲ್ ನೇರ ಡಿಸ್ಕ್ ಮೇಲೆ. ಸರಿಯಾಗಿ ಮಾಡಬೇಕೆಂದರೆ ಪೂರ್ತಿ ಕೇಜ್ ಇಳಿಸಬೇಕು.

ಇನ್ನು ನಂಬರ್. ಬ್ಲಾಕ್ ಸರಿಹೊಂದಿ ಹೆಡ್ ಬೇರೆ ಇದ್ದರೆ ನಾನಾದರೆ ಅದಕ್ಕೋಸ್ಕರ ಕಾರು ಬಿಡುವುದಿಲ್ಲ. ಅಲ್ಯೂಮಿನಿಯಂ ಹೆಡ್, ನೀರು ಹೋಗುವ ದಾರಿಯಲ್ಲಿ ಸವೆಯುತ್ತದೆ. ಅರವತ್ತು ವರ್ಷದಲ್ಲಿ ಯಾರೋ ಬದಲಾಯಿಸಿರುತ್ತಾರೆ. ಬೆಲೆಯಲ್ಲಿ ಮಾತ್ರ ಅದು ಕಾಣಬೇಕು. ಆದರೆ ಪ್ಲೇಟನ್ನೇ ನಂಬಬೇಡಿ, ಹೊಸ ಪ್ಲೇಟ್ ಮಾಡಿಸುವುದು ಸುಲಭ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಫ್ಯಾಕ್ಟರಿ ದಾಖಲೆ ನೋಡಿ ಸರ್ಟಿಫಿಕೇಟ್ ಕೊಡುತ್ತದೆ. ಕಾರು ತಯಾರಾದ ದಿನ, ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸ್ ನಂಬರ್, ಮೊದಲಿನ ಬಣ್ಣ, ಸೀಟಿನ ಬಣ್ಣ, ಎಲ್ಲ ಅದರಲ್ಲಿರುತ್ತದೆ. ಮಾರುವವರ ಹತ್ತಿರ ಇಲ್ಲದಿದ್ದರೆ ತರಿಸಲು ಹೇಳಿ. ಅದು ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ನೀಲಿಬಾನೆಟ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಕೇಳಲಾ? ಗೆಳೆಯರೊಬ್ಬರು "3.8 ಯಾಕೆ, 4.2 ತಗೋ" ಅನ್ನುತ್ತಿದ್ದಾರೆ. ಅದೇ ಸರಿಯಾ?

ಹಳೇಗೇರ್

ಎರಡನ್ನೂ ಇಟ್ಟುಕೊಂಡಿದ್ದವನು ನಾನು. 1964ರ ಅಕ್ಟೋಬರಿನಲ್ಲಿ 4.2 ಬಂತು. ಕಂಪನಿ ಹೇಳಿದ ಶಕ್ತಿ ಎರಡಕ್ಕೂ ಅದೇ 265 ಅಶ್ವಶಕ್ತಿ. ಆದರೆ 4.2ರಲ್ಲಿ ಎಲ್ಲ ಮುಂದಿನ ಗೇರಿಗೂ ಸಿಂಕ್ರೋಮೆಶ್ ಬಂತು, ಬ್ರೇಕ್ ಸರ್ವೋ ಸುಧಾರಿಸಿತು, ಸೀಟ್ ಕೂರುವ ಹಾಗಾಯಿತು, ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ದೂರ ಪ್ರಯಾಣಕ್ಕೆ 4.2 ಜಾಸ್ತಿ ಅನುಕೂಲ, ಅನುಮಾನ ಇಲ್ಲ. ಆದರೂ ನಾನು ಉಳಿಸಿಕೊಂಡದ್ದು 3.8. ಮೇಲಿನ ಆರ್‌ಪಿಎಂನಲ್ಲಿ ಆ ಎಂಜಿನ್ ಎಷ್ಟು ಹಗುರಾಗಿ ಓಡುತ್ತದೆ ಅಂದರೆ, ಒಂದು ಸಲ ಅದು ಹಿಡಿಸಿದರೆ ಗೇರ್‌ಬಾಕ್ಸಿನ ನಿಧಾನ ಮರೆತುಹೋಗುತ್ತದೆ. ನಿಮಗೂ ಹತ್ತು ನಿಮಿಷ ಸಾಲದು. ಒಂದು ಗಂಟೆ ಓಡಿಸಿ, ಬೆನ್ನು ಏನು ಹೇಳುತ್ತದೆ ಕೇಳಿ. ಮೊದಲಿನ ಬಕೆಟ್ ಸೀಟ್ ಎಲ್ಲರಿಗೂ ಆಗಿಬರುವುದಿಲ್ಲ.

ಇನ್ನೊಂದು. 3.8 ಕಾರುಗಳು ಫ್ಯಾಕ್ಟರಿಯಿಂದ ಪಾಸಿಟಿವ್ ಅರ್ಥ್ ಆಗಿ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿದ ಹಾಗೆ, ಬಂದವು. ಯಾರಾದರೂ ಮಧ್ಯೆ ತಿರುಗಿಸಿದ್ದಾರಾ ಕೇಳಿಕೊಳ್ಳಿ. ತಿಳಿಯದೆ ಜಂಪ್ ಸ್ಟಾರ್ಟ್ ಮಾಡಲು ಹೋಗಬೇಡಿ.

ನೀಲಿಬಾನೆಟ್

ಹೋಗಿ ಬಂದೆ. ನಾಲ್ಕು ಗಂಟೆ ಅಲ್ಲೇ ಇದ್ದೆ. ಬ್ಲಾಕ್ ತಣ್ಣಗಿತ್ತು. ಚೈನ್ ಸದ್ದಿಲ್ಲ. ಬಿಸಿಯಾದ ಮೇಲೆ 3000ದಲ್ಲಿ ಮುಳ್ಳು 42ರಲ್ಲಿ ನಿಂತಿತು. ಬಲಗಡೆ ಬಾಗಿಲ ಹಿಂಜ್‌ನಲ್ಲಿ ಆಟ ಇದೆ, ಕೈಗೆ ಸ್ಪಷ್ಟವಾಗಿ ಸಿಗುತ್ತದೆ. ಅಯಸ್ಕಾಂತ ಎರಡೂ ಸಿಲ್‌ಗಳಿಗೆ ಉದ್ದಕ್ಕೂ ಗಟ್ಟಿಯಾಗಿ ಹಿಡಿಯಿತು. ಕೆರೆದ ನಾಲ್ಕು ಕಡೆ ಒಳ್ಳೆಯ ತಗಡೇ ಬಂತು. ರೇಡಿಯಸ್ ಆರ್ಮ್ ಹತ್ತಿರ ಮಾತ್ರ ಹಳೆಯ ರಿಪೇರಿ ಇದೆ, ನೀಟಾಗಿ ಮಾಡಿದ್ದಾರೆ. ಟಕ್ ಅನ್ನುವುದು ಎಡಗಡೆ ಹಿಂದಿನ ಚಕ್ರದ ಸ್ಪ್ಲೈನ್.

ಬೇಸರದ್ದು ಒಂದಿದೆ. ಎಂಜಿನ್ನಿನ ಬಲಗಡೆ ಕೊಳವೆ ಫ್ರೇಮಿನಲ್ಲಿ, ಬಾಡಿಗೆ ಸೇರುವ ಹತ್ತಿರ, ಸೂಜಿಮೊನೆಯಷ್ಟು ಎರಡು ತೂತು. ಸ್ಕ್ರೂಡ್ರೈವರ್ ತಾಗಿಸಿದರೆ ಪೇಂಟ್ ಒಳಗೆ ಹೋಯಿತು. ಮಾರುವವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ, ಅವರ ಮುಖ ಬಾಡಿತು. ಹೆರಿಟೇಜ್ ಸರ್ಟಿಫಿಕೇಟಿಗೆ ಅವರೇ ಬರೆಯುತ್ತಾರಂತೆ. ಫ್ರೇಮ್ ಬದಲಾಯಿಸಿದರೆ ಅದರ ಮೇಲಿರುವ ಚಾಸಿ ನಂಬರ್ ಹೋಗುವುದಿಲ್ಲವಾ?

ತಂತಿಚಕ್ರ

ಸಿಲ್ ಚೆನ್ನಾಗಿದೆ ಅಂತ ಓದಿ ನಿಜವಾಗಲೂ ಸಂತೋಷ ಆಯಿತು. ನಂಬರ್ ಹೋಗುವುದಿಲ್ಲ. ಆ ಫ್ರೇಮ್ ಒಂದೇ ತುಂಡಲ್ಲ. ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು, ಮುಂದೆ ಅಡ್ಡಕ್ಕೆ ಪಿಕ್ಚರ್ ಫ್ರೇಮ್ ಅನ್ನುವ ಚೌಕಟ್ಟು. ಚಾಸಿ ನಂಬರ್ ಒತ್ತಿರುವುದು ಆ ಮುಂದಿನ ಚೌಕಟ್ಟಿನ ಬಲಗಡೆ, ಶಾಕ್ ಅಬ್ಸಾರ್ಬರ್ ಮೇಲಿನ ಹಿಡಿತದ ಹತ್ತಿರ. ನಿಮ್ಮ ತೂತು ಪಕ್ಕದ ಫ್ರೇಮಿನದ್ದು. ಅದನ್ನು ಬದಲಾಯಿಸಿದರೆ ನಂಬರ್ ಇದ್ದಲ್ಲೇ ಇರುತ್ತದೆ. ಆದರೆ ಬಲಗಡೆ ತೂತು ಬಿದ್ದಿದ್ದರೆ ಎಡಗಡೆಯದೂ ಅದೇ ವಯಸ್ಸಿನದು, ಎರಡನ್ನೂ ಒಟ್ಟಿಗೆ ಮಾಡಿಸಿ. ಎಂಜಿನ್ ಹೇಗೂ ಇಳಿಯಬೇಕು, ಆಗಲೇ ಕ್ಲಚ್ಚೂ ನೋಡಿಬಿಡಿ. ಈ ಕೆಲಸದ ಎಸ್ಟಿಮೇಟ್ ಬರೆಸಿಕೊಂಡು ಅವರ ಮುಂದಿಡಿ, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಹೇಳಿ.

ಮತ್ತೆ ಹೋದಾಗ ಆ ಚೌಕಟ್ಟಿನ ನಂಬರಿನ ಫೋಟೋ ತೆಗೆದು ಹಾಕಿ. ಅಕ್ಷರಗಳ ಸಾಲು, ಆಳ ನೋಡೋಣ. ಅದನ್ನು ಉಜ್ಜಿ ಮತ್ತೆ ಒತ್ತಿದ ಗುರುತು ಇದ್ದರೆ ಮಾತ್ರ ಈ ಕಾರನ್ನು ಬಿಟ್ಟುಬಿಡಿ.